ಮಾಘಿ ಜಾತ್ರೆಯಿಂದ ಮರಳಿ, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಔರಾದ್ ಬಸ್ಸಿನಲ್ಲಿ ನಾವಿಬ್ಬರೂ ಎಷ್ಟು ಸಲ ಜನವಾಡ ದಾಟಿ ಹೋಗಿದ್ದೇವೋ ಲೆಕ್ಕವಿಲ್ಲ. ಅಲ್ಲೊಂದು ಗುರುದ್ವಾರ ಇದೆ ಎಂದು ಗೊತ್ತಿತ್ತು. ಅದು ಯಾರ ನೆನಪಿನದು, ಬೀದರಿನಿಂದ 11 ಕಿಲೋಮೀಟರ್ ದೂರದ ಈ ಹಳ್ಳಿಗೆ ಹೇಗೆ ಬಂತು ಎಂದು ಒಂದು ದಿನವೂ ಕೇಳಲಿಲ್ಲ. ಅದನ್ನು ತಿಳಿಯಲು ನಾನು ಪಂಜಾಬಿನ ಮುಕ್ತಸರದವರೆಗೆ ಹೋಗಬೇಕಾಯಿತು. ಮಾಘಿ ಜಾತ್ರೆ ಮುಗಿಸಿ ನಿನ್ನೆ ಮನೆ ಸೇರಿದೆ. ಚೀಲ ಇನ್ನೂ ಬಿಚ್ಚಿಲ್ಲ. ಮೊದಲು ನಿನಗೆ ಬರೆಯಬೇಕು ಎನ್ನಿಸಿತು.

ಹೋಗಬೇಕೆಂಬ ಆಸೆ ಹುಟ್ಟಿದ್ದು ಬೀದರಿನ ಗುರುನಾನಕ ಝೀರಾ ಗುರುದ್ವಾರದಲ್ಲಿ. ಹೋದ ವರ್ಷ ಅಲ್ಲಿ ಕುಳಿತು ಅರ್ದಾಸ್ ಕೇಳುತ್ತಿದ್ದೆ. ಚಿಕ್ಕಂದಿನಿಂದ ಕೇಳಿದ ಪ್ರಾರ್ಥನೆ. ನಮಗಾಗ ಅದು ಮುಗಿದ ಮೇಲೆ ಕಡಾ ಪ್ರಸಾದ ಕೈಗೆ ಬೀಳುತ್ತದೆ ಎಂಬುದಷ್ಟೇ ಗೊತ್ತಿತ್ತು. ಅಂದು ಮಾತ್ರ ಮೂರು ಹೆಸರು ಕಿವಿಯಲ್ಲಿ ನಿಂತವು: ಪಂಜ್ ಪ್ಯಾರೇ, ಚಾರ್ ಸಾಹಿಬ್‌ಜಾದೇ, ಚಾಲೀ ಮುಕ್ತೇ. ಐವರು ಪ್ರಿಯರು ಗೊತ್ತು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೇಳಿದಾಗ ಎದ್ದು ನಿಂತವರು. ಅವರಲ್ಲೊಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ. ಗುರುವಿನ ನಾಲ್ವರು ಮಕ್ಕಳೂ ಗೊತ್ತು. ಈ ನಲವತ್ತು ಮುಕ್ತರು ಯಾರು? ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ. ‘ಬಿಟ್ಟು ಹೋದವರು, ಮತ್ತೆ ಬಂದವರು. ಮಾಘಿಗೆ ಮುಕ್ತಸರಕ್ಕೆ ಹೋಗಿ ನೋಡಿ’ ಎಂದರು. ಬಿಟ್ಟು ಹೋದವರನ್ನು ದಿನವೂ ಪ್ರಾರ್ಥನೆಯಲ್ಲಿ ನೆನೆಯುತ್ತಾರೆ ಎಂಬ ಮಾತು ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು. ಏಕೆಂದು ಆಮೇಲೆ ಹೇಳುತ್ತೇನೆ.

ನಾಂದೇಡಿನಲ್ಲಿ ಸಚ್‌ಖಂಡ್ ಎಕ್ಸ್‌ಪ್ರೆಸ್ ಹತ್ತಿದೆ. ಆ ರೈಲಿನಲ್ಲಿ ತಟ್ಟೆ ಲೋಟ ಇಟ್ಟುಕೊಂಡು ಹೋಗಬೇಕು. ದಾರಿಯ ನಿಲ್ದಾಣಗಳಲ್ಲಿ ಬಕೆಟ್ ಹಿಡಿದು ಓಡಿಬಂದು ಬೋಗಿಯ ಬಾಗಿಲಲ್ಲೇ ಲಂಗರ್ ಬಡಿಸುತ್ತಾರೆ. ಲೂಧಿಯಾನದಲ್ಲಿ ಇಳಿದು ಮೋಗಾ, ಕೋಟ್‌ಕಪೂರಾ ದಾರಿಯಲ್ಲಿ ಬಸ್ ಹಿಡಿದೆ. ಗೋಧಿಯ ಹಸಿರಿನ ಮೇಲೆ ಹತ್ತಿ ಹಿಂಜಿ ಹಾಸಿದಂಥ ಮಂಜು. ಈಗ ಕಾಲುವೆಯ ನೀರುಂಡು ಹಸಿರಾಗಿರುವ ಈ ಸೀಮೆ ಮುನ್ನೂರು ವರ್ಷಗಳ ಹಿಂದೆ ಮರಳುಗಾಡು, ಕುರುಚಲು ಕಾಡು. ಮಳೆಯ ನೀರು ನಿಲ್ಲುವ ತಗ್ಗಿಗೆ ಅಲ್ಲಿ ‘ಢಾಬ್’ ಎನ್ನುತ್ತಾರೆ. ಅಂಥದೊಂದು ತಗ್ಗು ಖಿದ್ರಾಣೆಯ ಢಾಬ್. ಅದೇ ಇಂದಿನ ಮುಕ್ತಸರ.

ಕಥೆ ಶುರುವಾಗುವುದು ಆನಂದಪುರದಲ್ಲಿ. ಮೊಗಲರೂ ಗುಡ್ಡಗಾಡಿನ ರಾಜರೂ ಸೇರಿ ತಿಂಗಳುಗಟ್ಟಲೆ ಕೋಟೆ ಮುತ್ತಿದ್ದರು. ಕಣಜ ಬರಿದಾಗಿ ಎಲೆ, ತೊಗಟೆ ತಿನ್ನುವ ಸ್ಥಿತಿ ಬಂತು. ಆಗ ಮಾಝಾ ಸೀಮೆಯ 40 ಮಂದಿ, ಇನ್ನು ತಾಳಲಾರೆವು, ಮನೆಗೆ ಹೋಗುತ್ತೇವೆ ಎಂದರು. ಗುರು ತಡೆಯಲಿಲ್ಲ. ಬರೆದುಕೊಟ್ಟು ಹೋಗಿ ಎಂದರು. ‘ನೀವು ನಮ್ಮ ಗುರುವಲ್ಲ, ನಾವು ನಿಮ್ಮ ಸಿಖ್ಖರಲ್ಲ’ ಎಂದು ಬರೆದು ಸಹಿ ಹಾಕಿ ಹೋದರು. ಆ ಕಾಗದಕ್ಕೆ ‘ಬೇದಾವಾ’ ಎಂದು ಹೆಸರು. ನಮ್ಮ ಕೋರ್ಟು ಕಚೇರಿಯಲ್ಲಿ ದಾವೆ ಎನ್ನುತ್ತೇವಲ್ಲ, ಅದೇ ಮಾತು. ದಾವೆ ಇಲ್ಲ ಎಂದು ಬರೆದುಕೊಡುವುದು. ಹಕ್ಕು ಖುಲಾಸೆ ಪತ್ರ ಅನ್ನು.

ಊರಿಗೆ ಹೋದ ಆ ಗಂಡಸರ ಮುಂದೆ ನಿಂತವಳು ಝಬಾಲ್ ಊರಿನ ಮಾಯಿ ಭಾಗೋ. ಗುರುವನ್ನು ಕಷ್ಟದಲ್ಲಿ ಬಿಟ್ಟು ಬಂದ ಮುಖವನ್ನು ಹೆಂಡತಿ ಮಕ್ಕಳಿಗೆ ಹೇಗೆ ತೋರಿಸುತ್ತೀರಿ ಎಂದು ನಾಚಿಸಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಂಡುಡುಗೆ ತೊಟ್ಟು, ಕುದುರೆ ಏರಿ, ಅವರನ್ನು ಹಿಂದಿಟ್ಟುಕೊಂಡು ಗುರುವನ್ನು ಹುಡುಕುತ್ತ ಹೊರಟಳು.

ಅಷ್ಟರಲ್ಲಿ ಗುರುವಿನದೆಲ್ಲ ಹೋಗಿತ್ತು. 1704ರ ಡಿಸೆಂಬರಿನಲ್ಲಿ ಆನಂದಪುರ ಬಿಟ್ಟಾಗ ತುಂಬಿ ಹರಿಯುತ್ತಿದ್ದ ಸರ್ಸಾ ಹೊಳೆ ಸಂಸಾರವನ್ನು ಚದುರಿಸಿತು, ಹಸ್ತಪ್ರತಿಗಳನ್ನು ನುಂಗಿತು. ಚಮಕೌರ್‌ನಲ್ಲಿ ಇಬ್ಬರು ದೊಡ್ಡ ಮಕ್ಕಳು ಕಾದಾಡಿ ಸತ್ತರು. ನಮ್ಮ ಸಾಹಿಬ್ ಸಿಂಗ್ ಬಿದ್ದದ್ದೂ ಅಲ್ಲೇ. ಇಬ್ಬರು ಎಳೆಯ ಮಕ್ಕಳನ್ನು ಸರಹಿಂದದಲ್ಲಿ ಜೀವಂತ ಗೋಡೆಗೆ ಕಟ್ಟಿದರು. ಗುರುವಿನ ತಾಯಿ ಗುಜರಿ ಅಲ್ಲೇ ಪ್ರಾಣ ಬಿಟ್ಟರು. ನಾನು ಬಸ್ಸಿನಲ್ಲಿ ದಾಟಿದ ಕೋಟ್‌ಕಪೂರಾದ ಒಡೆಯ ಕಪೂರಾ ಸಹ ಮೊಗಲರಿಗೆ ಹೆದರಿ ಕೋಟೆ ಕೊಡಲಿಲ್ಲ. ಬೆನ್ನ ಹಿಂದೆ ಸರಹಿಂದದ ನವಾಬ ವಜೀರ್ ಖಾನನ ಸೈನ್ಯ. ಗುರು ಖಿದ್ರಾಣೆಯ ನೀರಿನ ಕಡೆಗೆ ನಡೆದರು.

1705ರ ಆ ಕಾಳಗ ಆ ನೀರಿಗಾಗಿಯೇ ನಡೆಯಿತು. ಭಾಗೋ ಮತ್ತು ಆ ನಲವತ್ತು ಮಂದಿ ಢಾಬಿನ ಬಳಿ ಪೊದೆಗಳ ಮೇಲೆ ತಮ್ಮ ಬಟ್ಟೆ, ಹಚ್ಚಡ ಹರವಿದರು. ದೂರದಿಂದ ನೋಡಿದವರಿಗೆ ದೊಡ್ಡ ದಂಡಿನ ಡೇರೆಗಳಂತೆ ಕಾಣಬೇಕು! ಆ ಜಾಗದಲ್ಲಿ ಈಗ ತಂಬೂ ಸಾಹಿಬ್ ಗುರುದ್ವಾರ ಇದೆ. ಅತ್ತ ಮರಳು ದಿಬ್ಬದ ಮೇಲಿಂದ ಗುರು ಬಾಣ ಬಿಡುತ್ತಿದ್ದರು. ಅದು ಟಿಬ್ಬೀ ಸಾಹಿಬ್. ನೀರು ಕೈಗೆ ಸಿಗದೆ, ಬಾಯಾರಿಕೆಯಿಂದ ಬಸವಳಿದು ಮೊಗಲ ಸೈನ್ಯ ಹಿಂದಿರುಗಿತು.

ದಿಬ್ಬ ಇಳಿದು ಬಂದ ಗುರು ಒಂದೊಂದೇ ದೇಹದ ಬಳಿ ಕುಳಿತು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖದ ರಕ್ತ ಮಣ್ಣು ಒರೆಸಿದರಂತೆ. ಇವನು ನನ್ನ ಐದು ಸಾವಿರದ ಸರದಾರ, ಇವನು ನನ್ನ ಹತ್ತು ಸಾವಿರದ ಸರದಾರ ಎಂದು ಒಬ್ಬೊಬ್ಬನಿಗೂ ಪದವಿ ಕೊಡುತ್ತ ಹೋದರಂತೆ. ಮಹಾನ್ ಸಿಂಗ್ ಎಂಬವನಲ್ಲಿ ಮಾತ್ರ ಇನ್ನೂ ಉಸಿರಿತ್ತು. ಏನು ಬೇಕು ಕೇಳು ಎಂದರು. ಆ ಕಾಗದ ಹರಿದುಬಿಡಿ ಎಂದ. ಗುರು ಅದನ್ನು ತೆಗೆದು ಅವನ ಕಣ್ಣೆದುರೇ ಹರಿದರು. ನಲವತ್ತು ಮಂದಿ ಮುಕ್ತರಾದರು, ಖಿದ್ರಾಣಾ ಮುಕ್ತಸರವಾಯಿತು.

ಗೆಳೆಯಾ, ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಆ ಕಾಗದ ಗುರುವಿನ ಬಳಿಯೇ ಇತ್ತು. ಹೊಳೆಯಲ್ಲಿ ಗ್ರಂಥಗಳು ಹೋದವು, ಕೋಟೆ ಹೋಯಿತು, ಮಕ್ಕಳು ಹೋದರು. ಇಷ್ಟೆಲ್ಲ ಹೋದರೂ ಕೈಬಿಟ್ಟವರ ಕಾಗದವನ್ನು ಜೋಪಾನ ಮಾಡಿದ್ದರು. ಅದನ್ನು ಇಟ್ಟುಕೊಂಡದ್ದು ಒಂದು ದಿನ ಹರಿಯಲೆಂದೇ ಎಂದು ನನಗೆ ತೋರುತ್ತದೆ. ಸರೋವರದ ಆವರಣದಲ್ಲಿ ದರ್ಬಾರ್ ಸಾಹಿಬ್‌ಗೆ ಜನ ಇಟ್ಟ ಹೆಸರು ‘ಟುಟ್ಟೀ ಗಂಢೀ’. ಹರಿದದ್ದಕ್ಕೆ ಮತ್ತೆ ಗಂಟು ಹಾಕಿದ ಜಾಗ. ಆ ‘ಗಂಢ್’ ನಮ್ಮ ‘ಗಂಟು’ ಎಂಬ ಮಾತಿಗೆ ಎಷ್ಟು ಹತ್ತಿರ ನೋಡು.

ಮಾಘಿ ಎಂದರೆ ನಮ್ಮ ಸಂಕ್ರಾಂತಿಯ ದಿನವೇ. ಹಿಂದಿನ ರಾತ್ರಿ ಲೋಹ್ಡಿಯ ಬೆಂಕಿ, ಮರುದಿನ ಮಾಘದ ಮೊದಲ ಸ್ನಾನ. ನಾನು ನಸುಕಿನ ಮೂರಕ್ಕೇ ಸರೋವರಕ್ಕೆ ಹೋದೆ. ಅಷ್ಟು ಹೊತ್ತಿಗೇ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಅಮೃತಶಿಲೆಯ ನೆಲ ಅಂಗಾಲನ್ನು ಕೊರೆಯುತ್ತಿತ್ತು; ನೀರಿನ ಮೇಲೆ ಹಬೆಯಂತೆ ಮಂಜು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜ, ಏಳೆಂಟು ವರ್ಷದ ಮೊಮ್ಮಗ. ಅಜ್ಜ ಸರಪಳಿ ಹಿಡಿದು ಮೂರು ಸಲ ಮುಳುಗಿ ಎದ್ದ. ಆಮೇಲೆ ಬೊಗಸೆಯಲ್ಲಿ ನೀರು ತೆಗೆದು, ಒಂದು ಗಳಿಗೆ ತನ್ನ ಕೈಯಲ್ಲೇ ಹಿಡಿದಿಟ್ಟುಕೊಂಡು, ಹುಡುಗನ ನೆತ್ತಿಗೆ ಹಾಕಿದ. ಅಷ್ಟರಲ್ಲಿ ಆ ನೀರು ಎಷ್ಟು ಬೆಚ್ಚಗಾದೀತು? ಆದರೂ ಹಿಡಿದುಕೊಂಡ. ಹುಡುಗನ ತುಟಿ ನಡುಗುತ್ತಿತ್ತು, ‘ವಾಹೆಗುರು’ ಎನ್ನುವಾಗ ಹಲ್ಲು ಕಟಕಟ ಎನ್ನುತ್ತಿತ್ತು. ಅಜ್ಜ ತನ್ನ ಒದ್ದೆ ಮೈ ಮರೆತು ಟವೆಲಿನಿಂದ ಅವನ ಬೆನ್ನು ಉಜ್ಜುತ್ತಲೇ ಇದ್ದ. ನಾನೂ ಮುಳುಗಿದೆ. ಉಸಿರು ಕಟ್ಟಿತು, ಮೈಯೆಲ್ಲ ಸೂಜಿ ಚುಚ್ಚಿದಂತಾಯಿತು, ಎದ್ದಾಗ ಕಣ್ಣಲ್ಲಿ ನೀರಿತ್ತು.

ಕಾಳಗ ನಡೆದದ್ದು ನಿಜವಾಗಿ ವೈಶಾಖದ ಬಿಸಿಲಿನಲ್ಲಿ, ಆಗ ಇಲ್ಲಿ ಜಾತ್ರೆ ಸೇರುವಷ್ಟು ನೀರು ಇರುತ್ತಿರಲಿಲ್ಲವಾದ್ದರಿಂದ ಮಾಘಕ್ಕೆ ತಂದರು ಎನ್ನುವವರೂ ಇದ್ದಾರೆ. ಡಿಸೆಂಬರಿನಲ್ಲೇ ನಡೆಯಿತು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಮನಸ್ಸಿಗೆ ಹತ್ತಿತು. ನೀರಿಗಾಗಿ ಸತ್ತವರ ಜಾತ್ರೆ ನೀರನ್ನು ನೋಡಿಕೊಂಡು ದಿನ ಆರಿಸಿಕೊಂಡಿತು ಎಂಬುದರಲ್ಲಿ ಒಂದು ನ್ಯಾಯವಿದೆ.

ಹೊರಗೆ ಜಾತ್ರೆಯೋ ಜಾತ್ರೆ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಹುಲ್ಲು ಹಾಸಿಕೊಂಡು, ರಜಾಯಿ ಹೊದ್ದುಕೊಂಡು ಸಂಸಾರ ಸಮೇತ ಬರುತ್ತಾರೆ. ರಸ್ತೆಯುದ್ದಕ್ಕೂ ಲಂಗರ್. ಒಂದು ಕಡೆ ಕಬ್ಬಿನ ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಖೀರು ಕೊಟ್ಟರು. ಲೋಹ್ಡಿಯ ರಾತ್ರಿ ಬೇಯಿಸಿ ಮರುದಿನ ತಣ್ಣಗೆ ತಿನ್ನಬೇಕು. ‘ಪೋಹ ರಿದ್ಧೀ, ಮಾಘ ಖಾಧೀ’ ಎಂದು ಗಾದೆಯಂತೆ. ಪುಷ್ಯದಲ್ಲಿ ಅಟ್ಟದ್ದು, ಮಾಘದಲ್ಲಿ ಉಂಡದ್ದು. ಕುದುರೆ ಸಂತೆ ದೊಡ್ಡದು. ನುಕ್ರಾ ಎಂಬ ಬಿಳಿಯ ತಳಿಯ ಕುದುರೆಗಳ ಮೂಗಿನ ತುದಿ ಮಗುವಿನ ಅಂಗೈಯಂತೆ ಗುಲಾಬಿ ಬಣ್ಣ. ರಾಜಕೀಯ ಪಕ್ಷಗಳು ಹಾಕುವ ಸಭೆಗಳ ಧ್ವನಿವರ್ಧಕಗಳೂ ಜಾತ್ರೆಯ ಹಳೆಯ ಭಾಗವೇ. ಅವುಗಳ ಕಡೆ ನಾನು ಹೋಗಲಿಲ್ಲ. ಕೊನೆಯಲ್ಲಿ ಮಹಲ್ಲಾ ಮೆರವಣಿಗೆ ಟಿಬ್ಬೀ ಸಾಹಿಬ್ ಕಡೆಗೆ ಹೊರಡುತ್ತದೆ. ನೀಲಿ ಉಡುಪಿನ ನಿಹಂಗರೆಂಬ ಸಿಖ್ ಯೋಧರು ಕುದುರೆ ಓಡಿಸುತ್ತಲೇ ನೆಲದಲ್ಲಿ ಹುಗಿದ ಗೂಟವನ್ನು ಭರ್ಜಿಯಿಂದ ಕಿತ್ತೆತ್ತುವುದನ್ನು ಕಂಡು ನಾನು ಹುಡುಗನಂತೆ ಕೂಗಿಬಿಟ್ಟೆ.

ಒಂದೇ ಒಂದು ಕಡೆ ನನ್ನ ಮನಸ್ಸು ಒಪ್ಪಲಿಲ್ಲ. ದಾತಣಸರ್ ಎಂಬಲ್ಲಿ, ಗುರು ನಸುಕಿನಲ್ಲಿ ಹಲ್ಲುಜ್ಜುತ್ತಿದ್ದಾಗ ವೇಷ ಮರೆಸಿ ಬಂದಿದ್ದ ನೂರ್ ದೀನ್ ಎಂಬವನು ಹಿಂದಿನಿಂದ ಕತ್ತಿ ಬೀಸಿದನಂತೆ. ಗುರು ಕೈಯಲ್ಲಿದ್ದ ನೀರಿನ ಚೊಂಬಿನಿಂದಲೇ ಅವನನ್ನು ಹೊಡೆದು ಕೊಂದರಂತೆ. ಅವನ ಗೋರಿಗೆ ಯಾತ್ರಿಕರು ಚಪ್ಪಲಿಯಿಂದ ಹೊಡೆದು ಹೋಗುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಟುಟ್ಟೀ ಗಂಢೀಯಿಂದ ನೇರವಾಗಿ ಅಲ್ಲಿಗೆ ಬಂದ ನನಗೆ ಕೈ ಏಳಲಿಲ್ಲ. ಹಾಗೇ ಮುಂದೆ ನಡೆದೆ.

ಲಂಗರಿನ ಸಾಲಿನಲ್ಲಿ ಪಕ್ಕಕ್ಕೆ ಕುಳಿತ ಅಜ್ಜಿಯೊಬ್ಬರು ಯಾವ ಊರು ಎಂದು ಕೇಳಿದರು. ಕರ್ನಾಟಕ ಎಂದೆ, ತಿಳಿಯಲಿಲ್ಲ. ಬೀದರ್ ಎಂದೆ. ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. ‘ಮಾಯಿ ಭಾಗೋ ಇದ್ದ ಬೀದರೇ?’ ಎಂದು ಕೇಳಿ, ನನ್ನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ಮಿಕ್ಕ ಕಥೆ ಹೇಳಿದವರು ಅವರೇ. ನಲವತ್ತು ಮಂದಿ ಸತ್ತರೂ ಭಾಗೋ ಗಾಯಗೊಂಡು ಬದುಕಿದಳು. ಗುರುವಿನ ಅಂಗರಕ್ಷಕಳಾಗಿ ಗಂಡುಡುಗೆಯಲ್ಲೇ ನಾಂದೇಡಿನವರೆಗೆ ಬಂದಳು. 1708ರಲ್ಲಿ ಅಲ್ಲಿ ಗುರು ತೀರಿಕೊಂಡ ಮೇಲೆ ಇನ್ನೂ ದಕ್ಷಿಣಕ್ಕೆ ಬಂದು ಜನವಾಡದಲ್ಲಿ ಗುಡಿಸಲು ಹಾಕಿ, ತಪದಲ್ಲಿ ಕುಳಿತು, ಮುಪ್ಪಿನಲ್ಲಿ ಅಲ್ಲೇ ಕಣ್ಣು ಮುಚ್ಚಿದಳು. ಆ ಗುಡಿಸಲಿನ ಜಾಗದಲ್ಲೇ ನಾವು ಬಸ್ಸಿನಿಂದ ಇಳಿಯದೆ ದಾಟಿದ ತಪ್ ಅಸ್ಥಾನ್ ಗುರುದ್ವಾರ. ‘ನೀವು ಆಗಾಗ ಹೋಗಿ ತಲೆ ಬಾಗುತ್ತೀರಲ್ಲವೇ?’ ಎಂದು ಅಜ್ಜಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕ ಕಟ್ಟಿಕೊಟ್ಟಿದ್ದ ಕುಸುರೆಳ್ಳಿನ ಪೊಟ್ಟಣವನ್ನು ಅವರ ಕೈಗಿಟ್ಟೆ.

ಈಗ ಆ ಕಾರಣ ಹೇಳುತ್ತೇನೆ. ನಿನ್ನ ತಂದೆಯವರು ಹೈದರಾಬಾದಿನ ಆಸ್ಪತ್ರೆಯಲ್ಲಿದ್ದ ಆ ಮೂರು ವಾರ ನೀನು ನನ್ನನ್ನು ಎರಡು ಸಲ ಕರೆದೆ. ರಜೆ ಸಿಗಲಿಲ್ಲ ಎಂದೆ. ನಾನು ರಜೆ ಕೇಳಿಯೇ ಇರಲಿಲ್ಲ. ಹಣ ಕೇಳುತ್ತೀಯೇನೋ ಎಂಬ ಹೆದರಿಕೆ, ಸಾವನ್ನು ಹತ್ತಿರದಿಂದ ನೋಡಬೇಕಲ್ಲ ಎಂಬ ಹೆದರಿಕೆ. ಮಣ್ಣಿಗೂ ಬರಲಿಲ್ಲ. ಆಮೇಲೆ ನಾಲ್ಕು ಜನರ ಮುಂದೆ ಅದೇ ಸುಳ್ಳನ್ನು ಹೇಳಿದೆ. ಆದ್ದರಿಂದಲೇ ಇದನ್ನು ನಾಲ್ಕು ಜನ ಓದುವಲ್ಲೇ ಬರೆಯುತ್ತಿದ್ದೇನೆ. ಪುಣೆಯ ಕೆಲಸ ಬಿಟ್ಟು ಬೀದರಿಗೆ ಬಂದು ಎರಡು ವರ್ಷವಾಯಿತು. ಚೌಬಾರದ ಹತ್ತಿರ ಸಿಕ್ಕಾಗಲೆಲ್ಲ ನೀನು ಊಟ ಆಯಿತೇ ಎಂದು ಕೇಳುತ್ತೀಯೇ ಹೊರತು ಒಮ್ಮೆಯೂ ಆ ಮಾತು ಎತ್ತಿಲ್ಲ. ಆ ಕಾಗದ ನಿನ್ನ ಬಳಿ ಇದೆ ಎಂದು ನನಗೆ ಗೊತ್ತು. ತಪ್ಪಾಯಿತು.

ಬರುವ ಭಾನುವಾರ ಜನವಾಡಕ್ಕೆ ಹೋಗುತ್ತೇನೆ. ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಸರೋವರದ ನೀರು ಒಂದು ಬಾಟಲಿ ತಂದಿದ್ದೇನೆ, ನಿನ್ನ ತಾಯಿಯವರಿಗೆ ಕೊಡಬೇಕು. ನೀನು ಬಂದರೆ ಜೊತೆಗೇ ಹೋಗಿ, ಮರಳಿ ಬರುವಾಗ ನಿಮ್ಮ ಮನೆಗೆ ಬರುತ್ತೇನೆ.

ನಿನ್ನ ಗೆಳೆಯ