ಹಳೆ ಮಷಿನ್ನೋ ಹೊಸದೋ: ಕಾರವಾರಕ್ಕೆ ಬರೆದ ಪತ್ರ

ಶಾರ್ಜಾ
ಮಾರ್ಚ್ 9, 2025

ಅಪ್ಪನಿಗೆ, ಆಯಿಗೆ ನಮಸ್ಕಾರಗಳು.

ನಾವಿಬ್ಬರೂ ಆರಾಮ ಇದ್ದೇವೆ. ಇಲ್ಲಿ ಈಗ ರಮ್ಜಾನ್. ಯಾರ್ಡಿನಲ್ಲಿ ಎರಡು ತಾಸು ಬೇಗ ಬಿಡುತ್ತಾರೆ. ಅದಕ್ಕೇ ಈ ಉದ್ದ ಪತ್ರ. ಶೆಡ್ಡಿಗೆ ಡ್ರಿಲ್ ಮಷಿನ್ ಹಳೆಯದು ತರುವುದೋ ಹೊಸದೋ ಎಂಬ ಮಾತು ಫೋನಿನಲ್ಲಿ ಮುಗಿಯುವುದೇ ಇಲ್ಲ. ನೀವು ಒಂದು ಹೇಳುತ್ತೀರಿ, ಹಿಂದಿನಿಂದ ತಮ್ಮ ಇನ್ನೊಂದು ಕೂಗುತ್ತಾನೆ, ನಡುವೆ ಆಯಿ ಫೋನ್ ಕಸಿದುಕೊಂಡು ಊಟ ಆಯ್ತಾ ಎಂದು ಕೇಳುತ್ತಾಳೆ. ಬರೆದು ಕಳಿಸಿದರೆ ಮೂವರೂ ಓದಬಹುದು. ವಾಟ್ಸಾಪಿನಲ್ಲಿ ಹಾಕುತ್ತೇನೆ, ತಮ್ಮ ದೊಡ್ಡದಾಗಿ ಓದಿ ಹೇಳಲಿ. ತನಗೆ ಬೇಡವಾದ ಸಾಲು ಬಿಡಬಾರದು.

ತಮ್ಮ ಕಳಿಸಿದ ಫೋಟೋ, ಕೊಟೇಶನ್ ಎರಡೂ ನೋಡಿದೆ. ಅವನಿಗೆ ಬೇಕಾಗಿರುವುದು 20 ಮಿಮೀವರೆಗೆ ತೂತು ಹೊಡೆಯುವ ಹೊಸ ಪಿಲ್ಲರ್ ಡ್ರಿಲ್, ಅಂದರೆ ಕಂಬಕ್ಕೆ ಕೂರಿಸಿದ ಡ್ರಿಲ್ ಮಷಿನ್. 46,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 54,280. ನಿಮ್ಮ ಕಣ್ಣು ಹುಬ್ಬಳ್ಳಿಯಲ್ಲಿರುವ ಹಳೆ 25 ಮಿಮೀ ಮಷಿನ್ ಮೇಲೆ. ಮುಚ್ಚಿದ ಕಾರ್ಖಾನೆಯದ್ದು, 38,000 ಹೇಳಿದ್ದಾರೆ. ಅವನು ವಾರಂಟಿ ಅನ್ನುತ್ತಾನೆ, ನೀವು ಹಳೆ ಎರಕದ ಮೈ ಗಟ್ಟಿ ಅನ್ನುತ್ತೀರಿ. ಇಬ್ಬರೂ ಹೇಳುವುದರಲ್ಲಿ ಅರ್ಥ ಇದೆ. ಆದರೆ ನಮ್ಮ ಶೆಡ್ಡಿನಲ್ಲಿ ಯಾವ ತೂತು ಜಾಸ್ತಿ ಹೊಡೆಯುತ್ತೇವೆ ಎಂದು ಇಬ್ಬರೂ ಕೇಳಿಕೊಂಡ ಹಾಗೆ ಕಾಣುವುದಿಲ್ಲ. ನನಗೆ ಅದೇ ಮುಖ್ಯ.

ಮೊದಲು ಗೇಟು, ಗ್ರಿಲ್ಲು, ಎಂಜಿನ್ ಕೂರಿಸುವ ಆಂಗಲ್, ಎಲ್ಲವೂ ಮೈಲ್ಡ್ ಸ್ಟೀಲ್. ಅದಕ್ಕೆ ಯಾವ ಮಷಿನ್ನೂ ಸಾಕು. ಈಗ ಬೈತ್‌ಖೋಲದ ಬೋಟಿನವರು ಉಪ್ಪು ತಿಂದು ಹೋಗುತ್ತದೆ ಎಂದು ವಿಂಚಿನ ಪ್ಲೇಟು, ಬ್ರಾಕೆಟ್ಟು, ಪಿನ್ನು ಎಲ್ಲ ಸ್ಟೇನ್‌ಲೆಸ್‌ನಲ್ಲೇ ಕೇಳುತ್ತಾರೆ ಎಂದು ನೀವೇ ಹೇಳಿದ್ದೀರಿ. ಆ ಸ್ಟೇನ್‌ಲೆಸ್, ಅಂದರೆ 304 ಸ್ಟೀಲಿನ ಗುಣ ಬೇರೆ. ಡ್ರಿಲ್ ಬಿಟ್ಟು (ಕೊರೆಯುವ ಮೊಳೆ) ಕೊರೆಯದೆ ಸುಮ್ನೆ ಉಜ್ಜಿದರೆ ಆ ಜಾಗ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಬಿಟ್ಟಿನ ಮೂತಿ ನೀಲಿಯಾಗುತ್ತದೆಯೇ ಹೊರತು ತೂತು ಇಳಿಯುವುದಿಲ್ಲ. ಅದಕ್ಕೆ ನಿಧಾನ ತಿರುಗಬೇಕು, ಬಿಡದೆ ಒತ್ತಬೇಕು, ಒತ್ತಿದಾಗ ಟೇಬಲ್ ಬಾಗಬಾರದು.

ನಿಧಾನ ಅಂದರೆ ಎಷ್ಟು? ನಾವು ಇಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿಗೆ ಸ್ಟೇನ್‌ಲೆಸ್‌ನಲ್ಲಿ ನಿಮಿಷಕ್ಕೆ 11 ಮೀಟರ್ ಕಟಿಂಗ್ ಸ್ಪೀಡ್ ಹಿಡಿಯುತ್ತೇವೆ. ಲೆಕ್ಕ ಸುಲಭ. 3500ನ್ನು ಬಿಟ್ಟಿನ ಮಿಮೀಯಿಂದ ಭಾಗಿಸಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಬರುತ್ತದೆ. 12 ಮಿಮೀ ಬಿಟ್ಟಿಗೆ ಸುಮಾರು 290, 20 ಮಿಮೀಗೆ 175. ಮೈಲ್ಡ್ ಸ್ಟೀಲ್ ಆದರೆ 8000ವನ್ನು ಭಾಗಿಸಿ, 12 ಮಿಮೀಗೆ 650ರ ಆಸುಪಾಸು. ಶೆಡ್ಡಿನ ಗೋಡೆ ಮೇಲೆ ಇದನ್ನು ಸೀಮೆಸುಣ್ಣದಲ್ಲಿ ಬರೆದಿಡಲು ತಮ್ಮನಿಗೆ ಹೇಳಿ.

ಈಗ ಅವನ ಕೊಟೇಶನ್ ಮತ್ತೊಮ್ಮೆ ನೋಡಿ. ಮೋಟಾರ್ 1440, ಬೆಲ್ಟು ಮಾತ್ರ, ಎಲ್ಲಕ್ಕಿಂತ ಕಡಿಮೆ ವೇಗ 420. 20 ಮಿಮೀ ತೂತು ಹೊಡೆಯುತ್ತದೆ ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಮೈಲ್ಡ್ ಸ್ಟೀಲಿನಲ್ಲಿ ಹೊಡೆದೀತು. ಸ್ಟೇನ್‌ಲೆಸ್‌ನಲ್ಲಿ 12 ಮಿಮೀಗೇ ಬಿಟ್ಟು ಸುಡಲು ಶುರುವಾಗುತ್ತದೆ. ಹುಬ್ಬಳ್ಳಿಯ ಮಷಿನ್ನಿಗೆ ವೇಗ ಇನ್ನೂ ಇಳಿಸುವ ಬ್ಯಾಕ್ ಗೇರ್ ಇದೆ. ಮಷಿನ್ ಮೇಲಿನ ಹೆಸರಿನ ಪ್ಲೇಟಿನ ಫೋಟೋ ದೊಡ್ಡದು ಮಾಡಿ ನೋಡಿದೆ, ಕಡಿಮೆ ವೇಗ 85. ನಮ್ಮ ಕೆಲಸಕ್ಕೆ ಅದು ಸರಿ.

ಹಾಗಾದರೆ ಅಪ್ಪ ಗೆದ್ದ ಎಂದು ಈಗಲೇ ಮೀಸೆ ತಿರುವಬೇಡಿ. ನಮ್ಮ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್. ಆ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯಿತು, ಲೇತ್ ಇನ್ನೂ ಓಡುತ್ತಿದೆ. ಅದನ್ನು ನೋಡಿ ಹಳೆಯದೆಲ್ಲ ಹಾಗೇ ಇರುತ್ತದೆ ಎಂದು ನಿಮಗೆ ನಂಬಿಕೆ. ಅದು ಓಡುತ್ತಿರುವುದು ನೀವು ದಿನಾ ಎಣ್ಣೆ ಹಾಕಿ, ಸಂಜೆ ಒರೆಸಿ ಇಟ್ಟಿದ್ದಕ್ಕೆ. ಹುಬ್ಬಳ್ಳಿಯ ಮಷಿನ್ನಿಗೆ ಯಾರು ಎಣ್ಣೆ ಹಾಕಿದ್ದಾರೋ ಯಾರಿಗೆ ಗೊತ್ತು? ಕಿವಿರು ಎತ್ತಿ ನೋಡದೆ ಆಯಿ ಬಂಗುಡೆ ಕೊಳ್ಳುತ್ತಾಳಾ? ಇದನ್ನೂ ಹಾಗೇ ನೋಡಬೇಕು.

ಫೋಟೋದಲ್ಲಿ ಹೊಸ ಹಸಿರು ಬಣ್ಣ ಮಿಂಚುತ್ತಿದೆ. ನನಗೆ ಅದೇ ಅನುಮಾನ. ಎರಕದ ಬಿರುಕಿಗೆ ಲಪ್ಪ (ಪುಟ್ಟಿ) ಮೆತ್ತಿ, ಬಣ್ಣ ಹೊಡೆದು ಮುಚ್ಚುವುದು ದೊಡ್ಡ ಕೆಲಸವಲ್ಲ. ಮೇಲಿನ ಹೆಡ್ಡು ಕಂಬವನ್ನು ಹಿಡಿಯುವ ಜಾಗ, ಟೇಬಲಿನ ತೋಳು, ಈ ಎರಡು ಕಡೆ ಟಾರ್ಚ್ ಹಿಡಿದು ನೋಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿ. ಬೆಸುಗೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ, ಬೆಲೆ ಇಳಿಸಿದರೂ ಬೇಡ. ಟೇಬಲ್ ಮೇಲೆ ಎರಡು ಮೂರು ತೂತು ಬಿದ್ದಿದ್ದರೆ ಹೆದರಬೇಡಿ. ಅದು ನೋಡಲು ಕೆಟ್ಟದು, ಕೆಲಸಕ್ಕೆ ಏನೂ ಆಗುವುದಿಲ್ಲ. ಬೆಲೆ ಇಳಿಸಲು ಮಾತ್ರ ಅದನ್ನು ಚೆನ್ನಾಗಿ ಬಳಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಬಿಟ್ಟನ್ನು ತಿರುಗಿಸುವ ದಂಡ, ಸ್ಪಿಂಡಲ್. ಹ್ಯಾಂಡಲ್ ತಿರುಗಿಸಿ ಅದನ್ನು ಪೂರ್ತಿ ಕೆಳಗಿಳಿಸಿ, ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಬೇರಿಂಗೋ, ಸ್ಪಿಂಡಲ್ಲನ್ನು ಹೊತ್ತು ಇಳಿಯುವ ಕೊಳವೆಯೋ ಸವೆದಿದೆ ಎಂದು ಅರ್ಥ. ಬೇರಿಂಗ್ ಹೋಗಿದ್ದರೆ ಹಾಕಿಸಬಹುದು, ಹುಬ್ಬಳ್ಳಿಯಲ್ಲಿ ಸಿಗದ ಬೇರಿಂಗ್ ಇಲ್ಲ. ಆ ಕೊಳವೆ ಮತ್ತು ಅದು ಜಾರುವ ರಂಧ್ರ ಸವೆದಿದ್ದರೆ ರಿಪೇರಿ ದುಬಾರಿ. ಆಮೇಲೆ ಬಿಟ್ಟು ಹಿಡಿಯುವ ಚಕ್ ತೆಗೆಸಿ. ಸ್ಪಿಂಡಲ್ ಒಳಗಿನ ಕಿರಿದಾಗುತ್ತಾ ಹೋಗುವ ರಂಧ್ರ, ಅಂದರೆ ಟೇಪರ್‌ನಲ್ಲಿ ಬೆರಳು ಹಾಕಿ ಸುತ್ತ ಸವರಿ. ಚಕ್ ಒಳಗೇ ಜಾರಿ ತಿರುಗಿದ್ದರೆ ಗೀರು ಕೈಗೆ ಹತ್ತುತ್ತದೆ. ಸಣ್ಣ ಗೀರಾದರೆ ಟೇಪರ್ ರೀಮರ್ ಹಾಕಿ ಸರಿ ಮಾಡಬಹುದು. 14ರಿಂದ 23 ಮಿಮೀವರೆಗಿನ ಬಿಟ್ಟಿನ ಬಾಲ ಸಾಮಾನ್ಯವಾಗಿ ಎಂಟಿ 2 (ಮೋರ್ಸ್ ಟೇಪರ್ 2) ಅಳತೆಯದು. ಅದನ್ನು ಚಕ್ ಇಲ್ಲದೆ ನೇರವಾಗಿ, ಬೇಕಾದರೆ ಸ್ಲೀವ್ ಹಾಕಿ ಕೂರಿಸುತ್ತೇವೆ. ಈ ಟೇಪರ್ ಕೆಟ್ಟಿದ್ದರೆ ದೊಡ್ಡ ಬಿಟ್ಟು ನೆಟ್ಟಗೆ ತಿರುಗುವುದೇ ಇಲ್ಲ.

ಸಣ್ಣ ಅಲ್ಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಟೇಪರಿನ ಒಳಗೆ ನೋಡಬೇಕು. ಸ್ಪಿಂಡಲ್ಲನ್ನು ಕೈಯಿಂದ ನಿಧಾನ ತಿರುಗಿಸಿದಾಗ ಮುಳ್ಳು 0.03 ಮಿಮೀ ಒಳಗೆ ಆಡಿದರೆ ಬಹಳ ಒಳ್ಳೆಯದು. 0.05 ಬಂದರೂ ಬೋಟಿನ ಕೆಲಸಕ್ಕೆ ನಾನು ಬೇಡ ಅನ್ನುವುದಿಲ್ಲ. 0.1 ಮೀರಿದರೆ ಬೇಡ. ಟೇಬಲ್ ನೆಟ್ಟಗಿದೆಯಾ ನೋಡಲು ಏನೂ ಬೇಡ, ಒಂದು ದಪ್ಪ ತಂತಿ ಬಗ್ಗಿಸಿ ಚಕ್ಕಿಗೆ ಕಟ್ಟಿ ಸುತ್ತ ತಿರುಗಿಸಿ. ತುದಿ ನಾಲ್ಕೂ ಕಡೆ ಟೇಬಲಿಗೆ ಒಂದೇ ಸಮ ತಾಗಬೇಕು. ಇದು ನಿಮಗೆ ಗೊತ್ತಿರುವುದೇ, ತಮ್ಮನಿಗಾಗಿ ಬರೆದೆ.

ಕೊನೆಗೆ ಮಷಿನ್ ಹಾಕಿಸಿ ಅರ್ಧ ತಾಸು ಓಡಿಸಿ. ಎರಡು ನಿಮಿಷ ತೋರಿಸಿ ಆಫ್ ಮಾಡಿದರೆ ಒಪ್ಪಬೇಡಿ. ಬಿಸಿ ಆದ ಮೇಲೆ ಬೇರಿಂಗ್ ಜಾಗಕ್ಕೆ ಕೈ ಇಡಿ, ಇಡಲು ಆಗದಷ್ಟು ಸುಡಬಾರದು. ಬ್ಯಾಕ್ ಗೇರ್ ಹಾಕಿ ಸದ್ದು ಕೇಳಿ. ಗುರ್ ಎಂದರೆ ಪರವಾಗಿಲ್ಲ, ಒಂದೇ ಅಂತರದಲ್ಲಿ ಕಟ್ ಕಟ್ ಎಂದರೆ ಹಲ್ಲು ಹೋಗಿದೆ. ನಮ್ಮದೇ ಒಂದು 304 ತುಂಡು ಮತ್ತು 12 ಮಿಮೀ ಕೋಬಾಲ್ಟ್ ಬಿಟ್ಟು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ತೂತು ಹೊಡೆಸಿ. ಸಿಪ್ಪೆ ಎರಡೂ ಕಡೆ ಉದ್ದಕ್ಕೆ ಸುರುಳಿಯಾಗಿ ಬಂದರೆ ಮಷಿನ್ ಒಳ್ಳೆಯದು.

ಕಂಬದ ತುಕ್ಕನ್ನೂ ನೋಡಿ. ಹುಬ್ಬಳ್ಳಿಯ ಮಷಿನ್ ಅಂತಲೇ ನನಗೆ ಅರ್ಧ ಸಮಾಧಾನ. ಸಮುದ್ರದ ಗಾಳಿ ಕುಡಿದದ್ದಲ್ಲ. ಅಂಕೋಲಾದಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಯಾರೋ ಹೇಳಿದ್ದಾರಲ್ಲ, ಅದರ ಕಂಬ ಪೂರಾ ಗುಳಿ ಬಿದ್ದಿದೆ, ಫೋಟೋದಲ್ಲೇ ಕಾಣುತ್ತದೆ. ಕರಾವಳಿಯ ಹಳೆ ಮಷಿನ್ ನಾನಂತೂ ಕೊಳ್ಳುವುದಿಲ್ಲ.

ಇನ್ನು ತಮ್ಮನ ಮಾತು. ಹಳೆಯದಕ್ಕೆ ಬ್ಯಾಂಕಿನವರು ಸಾಲ ಕೊಡಲು ಮುಖ ಸಿಂಡರಿಸುತ್ತಾರೆ ಎನ್ನುವುದು ನಿಜ, ಅವರಿಗೆ ಡೀಲರಿನ ಕೊಟೇಶನ್ ಬೇಕು. ಆದರೆ ನಮಗೆ ಜಿಎಸ್‌ಟಿ ನೋಂದಣಿ ಇಲ್ಲ. ಹೊಸದಕ್ಕೆ ಕೊಟ್ಟ 8,280 ರೂಪಾಯಿ ತೆರಿಗೆ ವಾಪಸ್ ಬರುವುದಿಲ್ಲ. ಮೇಲೆ ಬಡ್ಡಿ. ದುಡ್ಡಿನ ವಿಷಯ ನಾನು ನೋಡಿಕೊಳ್ಳುತ್ತೇನೆ, ಅದಕ್ಕಾಗಿ ಬ್ಯಾಂಕಿಗೆ ಹೋಗುವುದು ಬೇಡ. ಹಳೆಯದಕ್ಕೆ 38,000, ಟೆಂಪೋಗೆ ಏಳು ಎಂಟು ಸಾವಿರ, ಬೇರಿಂಗು, ಬೆಲ್ಟು, ಸ್ಟಾರ್ಟರ್ ಎಂದು ಇನ್ನೊಂದು ಎಂಟು ಸಾವಿರ ಇಟ್ಟುಕೊಳ್ಳಿ. ಕೊನೆಗೆ ಹೊಸದರ ಬೆಲೆಯೇ ಬಂತಲ್ಲ ಎಂದು ಅವನು ಹೇಳುತ್ತಾನೆ. ಬಂತು, ನಿಜ. ದುಡ್ಡು ಉಳಿಯುತ್ತದೆ ಎಂದು ನಾನು ಹಳೆಯದನ್ನು ಹೇಳುತ್ತಿಲ್ಲ. ಅದೇ ದುಡ್ಡಿಗೆ ಬ್ಯಾಕ್ ಗೇರ್, ದಪ್ಪ ಕಂಬ, ದೊಡ್ಡ ಟೇಪರ್ ಸಿಗುತ್ತದೆ ಎಂದು ಹೇಳುತ್ತಿದ್ದೇನೆ. ಇಂಥದ್ದೇ ಹೊಸದು ಬೇಕೆಂದರೆ ಇನ್ನೂ ಜಾಸ್ತಿ ಬಿಚ್ಚಬೇಕು.

ಅವನ ಇನ್ನೊಂದು ಮಾತು ಮಾತ್ರ ನನಗೆ ಪೂರ್ತಿ ಒಪ್ಪಿಗೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡಕ್ಕೆ ಬಂದು ರಿಪೇರಿಗೆ ನಿಲ್ಲುವುದು ಆಗಲೇ, ನಮ್ಮ ವರ್ಷದ ಅರ್ಧ ದುಡಿಮೆಯೂ ಆಗಲೇ. ಆ ಹೊತ್ತಿನಲ್ಲಿ ಮಷಿನ್ ಬಿಚ್ಚಿ ಕೂತರೆ ಆಗುವುದಿಲ್ಲ. ಆದ್ದರಿಂದ ತರುವುದಿದ್ದರೆ ಏಪ್ರಿಲ್ 15ರ ಒಳಗೆ ತನ್ನಿ. ಹುಬ್ಬಳ್ಳಿಯದು ಪಾಸಾಗದಿದ್ದರೆ ಇನ್ನೊಂದು ಹಳೆಯದನ್ನು ಹುಡುಕುತ್ತಾ ಮೇ ತಿಂಗಳು ಕಳೆಯಬೇಡಿ, ಸೀದಾ ಹೊಸದು ತೆಗೆದುಕೊಳ್ಳಿ. ಆದರೆ 1440ರ ಬದಲು 960 ಆರ್‌ಪಿಎಂ ಮೋಟಾರ್ ಹಾಕಿ ಕೊಡಿ ಎಂದು ಡೀಲರಿಗೆ ಹೇಳಿ. ಪುಲ್ಲಿ ಅದೇ ಇದ್ದರೂ 420 ಇದ್ದದ್ದು 280ಕ್ಕೆ ಇಳಿಯುತ್ತದೆ. 12 ಮಿಮೀಗೆ ಸಾಕು. 20ಕ್ಕೆ ಸಾಲದು, ಅದನ್ನು ಲೇತಿನಲ್ಲಿ ಮಾಡಿಕೊಳ್ಳಬೇಕಾಗುತ್ತದೆ.

ಮ್ಯಾಗ್ನೆಟ್ ಡ್ರಿಲ್ ತೆಗೆದುಕೊಂಡರೆ ಬೋಟಿನ ಮೇಲೇ ಹೋಗಿ ಹೊಡೆಯಬಹುದು ಎಂದು ತಮ್ಮ ಮೆಸೇಜ್ ಹಾಕಿದ್ದ. 304ಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ ಮಾರಾಯ! ಕಬ್ಬಿಣದ ಬೋಟಿಗೆ ಸರಿ. ಅದು ಮುಂದೆ ನೋಡೋಣ.

ಶಾರ್ಜಾದಲ್ಲಿ ಯುರೋಪಿನ ಹಳೆ ಮಷಿನ್ ಸಿಗುತ್ತದಂತೆ, ಒಂದು ಕಳಿಸು ಎಂದಿರಿ. ಸಿಗುತ್ತದೆ, ಒಳ್ಳೆಯದೇ ಸಿಗುತ್ತದೆ. ಆದರೆ ಹಳೆ ಮಷಿನ್ ಭಾರತಕ್ಕೆ ತರಿಸಲು ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟು, ಕಸ್ಟಮ್ಸು, ಕ್ಲಿಯರಿಂಗ್ ಏಜೆಂಟು ಎಂದು ಸುತ್ತಬೇಕು. ಒಂದೇ ಮಷಿನ್ನಿಗೆ ಅಷ್ಟು ಕಷ್ಟ ಬೇಡ.

ತರುವಾಗ ಅರಬೈಲ್ ಘಟ್ಟ ಇಳಿಯಬೇಕಲ್ಲ, ಅದರ ಬಗ್ಗೆ ಒಂದು ಮಾತು. ಈ ಮಷಿನ್ನಿನ ಭಾರ ಎಲ್ಲ ತಲೆಯಲ್ಲಿ. ನಿಲ್ಲಿಸಿ ಹಗ್ಗ ಕಟ್ಟಿ ತಂದರೆ ತಿರುವಿನಲ್ಲಿ ಮಗುಚುತ್ತದೆ. ಹುಬ್ಬಳ್ಳಿಯಲ್ಲೇ ಮೋಟಾರ್ ಬಿಚ್ಚಿಸಿ ಬೇರೆ ಇಡಿ. ಟೇಬಲ್ ಕೆಳಗಿಳಿಸಿ, ಮಷಿನ್ನನ್ನು ಮಲಗಿಸಿ, ಕಂಬದ ಕೆಳಗೆ ಮರದ ದಿಮ್ಮಿ ಕೊಡಿ. ಹ್ಯಾಂಡಲ್ ಮೇಲೆ, ಸ್ಪಿಂಡಲ್ ಮೇಲೆ ಭಾರ ಬೀಳಬಾರದು. ಇಳಿಸಲು ಬಂದರಿನ ಚೈನ್ ಬ್ಲಾಕ್ ಕೇಳಿ ತನ್ನಿ. ಅಪ್ಪ, ನೀವು ಕೈ ಹಾಕಿ ಎತ್ತಬೇಡಿ.

ಶೆಡ್ಡಿನಲ್ಲಿ ಲೇತಿಗೆ ಥ್ರೀ ಫೇಸ್ ಇರುವುದರಿಂದ ಕರೆಂಟಿನ ತಲೆನೋವು ಇಲ್ಲ. ಆದರೆ ಮಳೆಗಾಲದಲ್ಲಿ ಒಂದು ಫೇಸ್ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಗೊತ್ತಾಗದೆ ಓಡಿಸಿದರೆ ಮೋಟಾರ್ ಸುಟ್ಟು ರಿವೈಂಡಿಂಗಿಗೆ ಹೋಗುತ್ತದೆ. ಸ್ಟಾರ್ಟರ್ ಜೊತೆ, ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಲೇಬೇಕು. ಬುಡಕ್ಕೆ ನಾಲ್ಕು ಬೋಲ್ಟ್ ಹಾಕಿ ಕಾಂಕ್ರೀಟಿಗೆ ಕೂರಿಸಿ. ರಾತ್ರಿ ಕಂಬಕ್ಕೂ ಟೇಬಲಿಗೂ ಎಣ್ಣೆ ಬಟ್ಟೆ ಒರೆಸಿ.

ತಮ್ಮಾ, ನಿನಗೆ ಒಂದು ಮಾತು. ಗ್ಲೌಸ್ ಹಾಕಿಕೊಂಡು ಡ್ರಿಲ್ಲಿಂಗ್ ಮಾಡುವುದನ್ನು ನಿನ್ನ ವಿಡಿಯೋದಲ್ಲಿ ನೋಡಿದೆ. ತಿರುಗುವ ಬಿಟ್ಟಿಗೆ ಗ್ಲೌಸ್ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕನ್ನಡಕ ಹಾಕು, ಗ್ಲೌಸ್ ತೆಗೆ. ಪ್ಲೇಟನ್ನು ಕೈಯಲ್ಲಿ ಹಿಡಿಯಬೇಡ, ವೈಸಿಗೆ ಕಟ್ಟು. ಬಿಟ್ಟು ಕಚ್ಚಿ ಪ್ಲೇಟ್ ತಿರುಗಿದರೆ ಕೈ ಹಿಂದಕ್ಕೆ ತೆಗೆಯಲು ಸಮಯ ಸಿಗುವುದಿಲ್ಲ. ಇದನ್ನು ಆಯಿಗೆ ಓದಿ ಹೇಳದಿದ್ದರೂ ನಡೆಯುತ್ತದೆ.

ಆಯಿ, ನಿನ್ನ ಮಂಡಿ ನೋವಿಗೆ ಡಾಕ್ಟರ್ ಹೇಳಿದ ಎಣ್ಣೆ ಹಚ್ಚುತ್ತಿದ್ದೀಯಾ? ಇಲ್ಲಿ ಇಸ್ವಣ ಸಿಗುತ್ತದೆ, ರುಚಿ ನಮ್ಮ ಕಡೆಯದಲ್ಲ. ಬರುವವರ ಕೈಯಲ್ಲಿ ಒಣ ಸಿಗಡಿ ಕಳಿಸು, ಆದರೆ ಮೂರು ಪ್ಲಾಸ್ಟಿಕ್ ಸುತ್ತಿ ಕಳಿಸು.

ಸದಾಶಿವಗಡದ ಒಬ್ಬರು ಮಾರ್ಚ್ 20ಕ್ಕೆ ಗೋವಾಕ್ಕೆ ಬರುತ್ತಾರೆ. ಅವರ ಕೈಯಲ್ಲಿ ನನ್ನ ಡಯಲ್ ಗೇಜು, ಮ್ಯಾಗ್ನೆಟ್ ಸ್ಟ್ಯಾಂಡು, ಐದು ಕೋಬಾಲ್ಟ್ ಬಿಟ್ಟು ಕೊಟ್ಟು ಕಳಿಸುತ್ತೇನೆ. ಅದು ಕೈಗೆ ಬರುವವರೆಗೆ ಹುಬ್ಬಳ್ಳಿಗೆ ಹೋಗಬೇಡಿ, ಮುಂಗಡವನ್ನೂ ಕೊಡಬೇಡಿ. ಬೇರೆಯವರು ಕೇಳುತ್ತಿದ್ದಾರೆ ಎಂದು ಅವಸರ ಮಾಡಿದರೆ ಮಾರಿಕೊಳ್ಳಲಿ. ಹೋದ ದಿನ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ, ಗೇಜಿನ ಮುಳ್ಳು ನನಗೂ ಕಾಣಬೇಕು.

ನಿಮ್ಮ ಮಗಳು