ನೆನೆದ ಕಾಗದ ಉಳಿಸಿಕೊಟ್ಟವರಿಗೆ

ಬೋರಿವಲಿಯ ನಮ್ಮ ಸರ್ ಅವರ ಕಾಗದಪತ್ರಗಳೆಲ್ಲ ಒಣಗಿ, ಸ್ಕ್ಯಾನ್ ಆಗಿ, ಪಟ್ಟಿಯೂ ಸಿದ್ಧವಾಗಿದೆ. ಹಿಂದಿನ ಮಳೆಗಾಲದಲ್ಲಿ ಗೋಡೆಯೊಳಗಿನ ಪೈಪು ಸೋರಿ ಪುಸ್ತಕದ ಕಪಾಟಿನ ಕೆಳಸಾಲುಗಳು ನೆನೆದವು. ಜೀವನವಿಡೀ ಇಂಗ್ಲಿಷ್ ಪಾಠ ಮಾಡಿ, ಕನ್ನಡದಲ್ಲಿ ಕವಿತೆ ಬರೆದು, ಎರಡರ ನಡುವೆ ಅನುವಾದ ಮಾಡಿದವರೊಬ್ಬರ ಅರ್ಧ ಕೆಲಸ ಅವತ್ತು ರದ್ದಿಯವನ ತಕ್ಕಡಿಗೆ ಬೀಳುವುದರಲ್ಲಿತ್ತು. ಬೀಳದಂತೆ ನೋಡಿಕೊಂಡವರು ಬಹಳ ಜನ. ಬರೀ 'ಎಲ್ಲರಿಗೂ ಧನ್ಯವಾದ' ಎಂದು ಕೈತೊಳೆದುಕೊಳ್ಳುವ ಬದಲು ಯಾರು ಏನು ಮಾಡಿದರು, ಹೇಗೆ ಮಾಡಿದರು ಎಂದು ಬಿಡಿಸಿ ಬರೆಯುತ್ತಿದ್ದೇವೆ. ಮುಂಬೈಯ ಎಷ್ಟೋ ಕನ್ನಡ ಮನೆಗಳ ಅಟ್ಟದಲ್ಲಿ ಇಂಥ ಕಟ್ಟುಗಳಿವೆ, ಮಳೆಯೂ ಪ್ರತಿ ಜೂನಿಗೆ ತಪ್ಪದೆ ಬರುತ್ತದೆ. ಹೆಸರು ಹಾಕಕೂಡದೆಂದು ಸರ್ ಅಪ್ಪಣೆ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ.

ಮೊದಲ ನಮಸ್ಕಾರ ಅಮ್ಮನಿಗೆ. ಸರ್ ಅವರ ಮನೆಯವರನ್ನು ವಿದ್ಯಾರ್ಥಿಗಳೆಲ್ಲ ಕರೆಯುವುದೇ ಹಾಗೆ. ಇಷ್ಟು ವರ್ಷದ ದೀಪಾವಳಿ ಕ್ಲೀನಿಂಗಿನಲ್ಲಿ ಅವರು ಆ ಕಪಾಟಿನ ಧೂಳು ಹೊಡೆದದ್ದುಂಟು, ಕಟ್ಟು ಬಿಚ್ಚಿ ಓರಣ ಮಾಡಿದ್ದಿಲ್ಲ. ಇದೇ ದೊಡ್ಡ ಉಪಕಾರ. ಕವಿತೆಗಳೆಲ್ಲ ಒಂದು ಫೈಲಿಗೆ, ಪಾಠದ ಟಿಪ್ಪಣಿ ಇನ್ನೊಂದಕ್ಕೆ, ಪತ್ರಗಳು ಮತ್ತೊಂದಕ್ಕೆ ಎಂದು ಯಾರಾದರೂ ಅಂದವಾಗಿ ಬೇರೆ ಮಾಡಿದ್ದರೆ, ಯಾವ ಪಾಠ ನಡೆಯುತ್ತಿದ್ದಾಗ ಯಾವ ಕವಿತೆ ಬಂತು ಎಂಬುದು ಇನ್ನೆಂದೂ ತಿಳಿಯುತ್ತಿರಲಿಲ್ಲ. ದಾಖಲೆ ಜೋಡಿಸುವವರ ಮೊದಲ ನಿಯಮವೂ ಇದೇ: ಬರೆದವರು ಇಟ್ಟುಕೊಂಡ ಕ್ರಮ ಎಷ್ಟೇ ಅಡ್ಡಾದಿಡ್ಡಿ ಕಂಡರೂ ಅದನ್ನು ಮೊದಲು ಬರೆದಿಟ್ಟುಕೊಳ್ಳಬೇಕು, ಆಮೇಲೆ ಕೈ ಹಾಕಬೇಕು.

ನೀರು ಬಂದ ದಿನವೂ ಅಮ್ಮ ಮಾಡಿದ್ದೆಲ್ಲ ಸರಿಯೇ. ಆ ಕೋಣೆಯ ಮೇನ್ ಸ್ವಿಚ್ ಆರಿಸಿದರು. ನೆನೆದ ನೋಟ್‌ಬುಕ್ಕುಗಳನ್ನು ತೆರೆಯದೆ, ಇದ್ದ ಹಾಗೆಯೇ ಎತ್ತಿ ಅಡುಗೆಮನೆಯ ಅಗಲ ತಟ್ಟೆಗಳಲ್ಲಿ ಇಟ್ಟರು. ಬಿಸಿಲಿಗೆ ಹಾಕಲಿಲ್ಲ, ಇಸ್ತ್ರಿ ತಿಕ್ಕಲಿಲ್ಲ. ಒದ್ದೆ ಹಾಳೆ ತನ್ನ ಭಾರಕ್ಕೇ ಹರಿಯುತ್ತದೆ. ಬಿಸಿಲಿಗೆ ಬಿದ್ದರೆ ಅಂಚು ಬೇಗ ಒಣಗಿ ನಡುಭಾಗ ಒದ್ದೆಯಾಗಿಯೇ ಉಳಿದು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಎರಡನೆಯವರು ಮಾಟುಂಗದ ಉಡುಪಿ ಹೋಟೆಲಿನ ಯಜಮಾನರು, ಕುಂದಾಪುರದ ಕಡೆಯವರು. ಮಳೆಗಾಲದಲ್ಲಿ ಖಾಲಿ ಬಿದ್ದಿರುವ ಐಸ್‌ಕ್ರೀಮ್ ಫ್ರೀಜರನ್ನು ಒಂದು ಮಾತೂ ಕೇಳದೆ ಬಿಟ್ಟುಕೊಟ್ಟರು. ಕಾಗದಕ್ಕೂ ಫ್ರೀಜರಿಗೂ ಏನು ಸಂಬಂಧ ಎಂದು ಕೇಳಿದವರಿಗೆ ಉತ್ತರ: ಒದ್ದೆ ಕಾಗದಕ್ಕೆ 48 ಗಂಟೆಯೊಳಗೆ ಬೂಷ್ಟು ಹತ್ತಬಹುದು. ಜುಲೈ ತಿಂಗಳ ಮುಂಬೈಯಲ್ಲಿ ಗಾಳಿಯ ತೇವವೇ ಶೇ. 80 ದಾಟಿರುತ್ತದೆ, ಅಷ್ಟೂ ಕಟ್ಟುಗಳನ್ನು ಎರಡು ದಿನದಲ್ಲಿ ಒಣಗಿಸಲು ಸಾಧ್ಯವೇ ಇಲ್ಲ. ಮೈನಸ್ 18 ಡಿಗ್ರಿಯಲ್ಲಿ ಬೂಷ್ಟು ಬೆಳೆಯದು, ಶಾಯಿ ಮುಂದಕ್ಕೆ ಹರಡದು. ಅಂದರೆ ಅವಸರ ತಪ್ಪುತ್ತದೆ; ವಾರಕ್ಕೆ ನಾಲ್ಕೈದು ಕಟ್ಟು ಹೊರತೆಗೆದು ಸಾವಕಾಶವಾಗಿ ಒಣಗಿಸಬಹುದು. ಎರಡು ಇಂಚಿಗಿಂತ ದಪ್ಪವಾಗದ ಕಟ್ಟುಗಳನ್ನು ನಡುನಡುವೆ ಬಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ಮೇಲೆ ಕಪಾಟಿನ ಸಾಲು ಮತ್ತು ಸ್ಥಾನವನ್ನು ಬರೆದು ಇಡಬೇಕು. ನೋಟ್‌ಬುಕ್ಕಾದರೆ ಬೆನ್ನು ಕೆಳಗೆ. ಚೀಲದ ಹೊರಗೆ ಬರೆದದ್ದು ಫ್ರೀಜರಿನ ತೇವಕ್ಕೆ ಅಳಿಸಿಹೋಗುವುದುಂಟು, ಆದ್ದರಿಂದ ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೂ ಒಂದು ಇರಲಿ.

ಯಾವುದನ್ನು ಮೊದಲು ಫ್ರೀಜರಿಗೆ ಹಾಕಬೇಕೆಂದು ತೀರ್ಮಾನಿಸುವುದು ಶಾಯಿ. ಫೌಂಟನ್ ಪೆನ್ನಿನ ನೀಲಿ ಶಾಯಿ ನೀರು ತಾಗಿದೊಡನೆ ಹರಡುತ್ತದೆ. ಇಂಕ್‌ಜೆಟ್ ಪ್ರಿಂಟೂ ಹಾಗೆಯೇ. ಬಾಲ್ ಪೆನ್ನು, ಪೆನ್ಸಿಲು, ಝೆರಾಕ್ಸು, ಟೈಪ್ ಮಾಡಿದ ಕಾರ್ಬನ್ ಪ್ರತಿ ಇವು ಗಟ್ಟಿ, ನೀರಿಗೆ ಹೆದರುವುದಿಲ್ಲ. ಆದರೆ ಕಾರ್ಬನ್ ಪ್ರತಿಯ ತೆಳು ಕಾಗದ ಗಟ್ಟಿಯಲ್ಲ, ಎರಡು ಕೈಯಲ್ಲಿ ಹಿಡಿದರೂ ಬಾಯಿ ಬಿಡುತ್ತದೆ. ಅದನ್ನು ಪಾಲಿಯೆಸ್ಟರ್ ಹಾಳೆಯೊಂದರ ಮೇಲೆ ಜಾರಿಸಿ ಎತ್ತಬೇಕು. ನುಣುಪಾದ ಆರ್ಟ್ ಪೇಪರಿನ ನಿಯತಕಾಲಿಕಗಳು ಎಲ್ಲಕ್ಕಿಂತ ಕಷ್ಟ. ಅಂಟಿಕೊಂಡೇ ಒಣಗಿದರೆ ಮತ್ತೆ ಬಿಡಿಸಲಾಗದು, ಒದ್ದೆ ಇರುವಾಗಲೇ ಪುಟ ಪುಟ ಬಿಡಿಸಬೇಕು.

ಒಣಗಿಸುವ ಕೆಲಸಕ್ಕೆ ತಮ್ಮ ಹಾಲ್ ಬಿಟ್ಟುಕೊಟ್ಟ ಮುಲುಂಡಿನ ದಂಪತಿಗಳಿಗೆ ಋಣಿ. ಫ್ಯಾನ್ ಗೋಡೆಯ ಕಡೆ ತಿರುಗಿರಬೇಕು, ಹಾಳೆಯ ಕಡೆ ಅಲ್ಲ. ಹಾಳೆಯ ಕೆಳಗೆ ಬ್ಲಾಟಿಂಗ್ ಪೇಪರು. ಅಚ್ಚಾದ ಹಳೆ ಪೇಪರ್ ಹಾಕಿದರೆ ಅದರ ಮಸಿ ಹತ್ತುತ್ತದೆ. ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಬ್ಲಾಟಿಂಗ್ ಪೇಪರ್ ಬದಲಾಯಿಸಬೇಕು. ಮುಟ್ಟಿದರೆ ತಣ್ಣಗೆ ಅನಿಸಿದರೆ ಇನ್ನೂ ತೇವ ಇದೆ ಎಂದೇ ಅರ್ಥ. ಮನೆಯೊಳಗೆ ದಾರಿ ಇಲ್ಲದೆ ಗೋಡೆಗಾತು ನಡೆದ ಅವರ ಮಕ್ಕಳಿಗೂ ಥ್ಯಾಂಕ್ಸ್.

ಗಿರಗಾಂವಿನ ಬೈಂಡರ್ ಚಾಚಾ ಹರಿದದ್ದನ್ನು ಸರಿಮಾಡಿದರು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದೆಂದು ಹೇಳಿಕೊಟ್ಟರು. ಸೆಲ್ಲೋಟೇಪ್ ಬೇಡ, ಅದರ ಅಂಟು ವರ್ಷಗಳು ಕಳೆದಂತೆ ಕಂದಾಗಿ ಅಕ್ಷರದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ, ಒಮ್ಮೆ ಮಾಡಿದರೆ ತೆಗೆಯಲು ಬರುವುದಿಲ್ಲ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ನುಗಳನ್ನು ಎಳೆಯಬಾರದು. ಹಿಂದಿನಿಂದ ಕಾಲು ನೆಟ್ಟಗೆ ಮಾಡಿ ಹೊರಕ್ಕೆ ತಳ್ಳಬೇಕು. ಹರುಕಿಗೆ ತೆಳುವಾದ ಜಪಾನಿ ಟಿಶ್ಯೂ ಮತ್ತು ಬೇಯಿಸಿದ ಗೋಧಿ ಪಿಷ್ಟದ ಅಂಟು ಸಾಕು. ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುವ ಹಳೆ ರೂಢಿಯಿದೆ. ಆ ತಾಮ್ರವೇ ಮುಂದೆ ಕಾಗದವನ್ನು ಕಂದಿಸಿ ಪುಡಿಮಾಡುತ್ತದೆ ಎಂದು ತಿಳಿದ ಮೇಲೆ ಚಾಚಾ ನಮ್ಮ ಕೆಲಸಕ್ಕೆ ಬೇರೆಯೇ ಅಂಟು ಕುದಿಸಿದರು. ಐವತ್ತು ವರ್ಷದ ಕೈಗೆಲಸದವರು ಹೀಗೆ ರೂಢಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಇನ್ನು ಆ ಹಾಳೆಗಳಲ್ಲಿ ಇದ್ದದ್ದೇನು? ಸರ್ ಪಾಠಕ್ಕೆ ಫುಲ್‌ಸ್ಕೇಪ್ ಹಾಳೆಯ ಒಂದೇ ಪುಟ ಬಳಸುತ್ತಿದ್ದರು. ಒಂದು ತಾಸಿಗೆ ಒಂದು ಪುಟ, ಎಡಕ್ಕೆ ಮೂರನೇ ಒಂದು ಭಾಗ ಖಾಲಿ. ಬಲಕ್ಕೆ ಹೇಳಬೇಕಾದ ಅಂಶಗಳು; ಎಡಕ್ಕೆ ಅವತ್ತು ತರಗತಿಯಲ್ಲಿ ಎದ್ದ ಪ್ರಶ್ನೆ, ಪಕ್ಕದಲ್ಲಿ ವರ್ಷ. ಅದೇ ಹಾಳೆ ಮರುವರ್ಷ ಮತ್ತೆ ಹೊರಬರುತ್ತಿತ್ತು, ಎಡಭಾಗ ತುಂಬುತ್ತಾ ಹೋಗುತ್ತಿತ್ತು. ಷೇಕ್ಸ್‌ಪಿಯರ್ ಪಾಠದ ಒಂದು ಹಾಳೆಯಲ್ಲಿ 'ರಾಜನಿಗೆ ಮುದಿತನ ಬಂತೋ, ಮುದಿತನಕ್ಕೆ ರಾಜ್ಯ ಸಿಕ್ಕಿತೋ?' ಎಂದು ಯಾರೋ ವಿದ್ಯಾರ್ಥಿ ಕೇಳಿದ್ದು ಕನ್ನಡದಲ್ಲಿ ಬರೆದಿದೆ. ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಿರಬೇಕು, ಕೈ ಕನ್ನಡದಲ್ಲಿ ಬರೆದುಕೊಂಡಿದೆ. ಅದರ ಕೆಳಗೆ ಬಾಣದ ಗುರುತು, ಒಂದು ಪ್ರಬಂಧದ ರೂಪುರೇಷೆ. ಹಾಳೆಯ ಬೆನ್ನಿಗೆ ತಂದೆಯ ಮೇಲೆ ಬರೆದ ಕವಿತೆಯ ಮೊದಲ ಹದಿನಾಲ್ಕು ಸಾಲು. ಪಾಠ, ಸಂಶೋಧನೆ, ಕವಿತೆ ಒಂದೇ ಹಾಳೆಯ ಎರಡು ಮಗ್ಗುಲಲ್ಲಿ. ಇದನ್ನು ಯಾವ ಫೈಲಿಗೆ ಹಾಕುತ್ತೀರಿ?

'ಇಂಗ್ಲಿಷ್ ಮೇಷ್ಟ್ರಿಗೆ ಕನ್ನಡದ ಉಸಾಬರಿ ಯಾಕೆ' ಎಂದು ಈಗಲೂ ಕೇಳುವವರಿದ್ದಾರೆ. ಬಿ.ಎಂ.ಶ್ರೀ., ಅಡಿಗ, ಅನಂತಮೂರ್ತಿ, ಶಾಂತಿನಾಥ ದೇಸಾಯಿ ಎಲ್ಲರೂ ಇಂಗ್ಲಿಷ್ ಪಾಠ ಮಾಡಿದವರೇ. ಗೋಕಾಕರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲೇ ಇದ್ದವರು. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದ ರಾನಡೆ ಭವನದಲ್ಲಂತೂ ಇಂಗ್ಲಿಷ್ ವಿಭಾಗ ಮತ್ತು ಕನ್ನಡ ವಿಭಾಗ ಒಂದೇ ಸೂರಿನಡಿ ಇದ್ದವು. ಲೆಕ್ಕ ಇಡುವವರಿಗೆ ಮಾತ್ರ ಇದು ಕಷ್ಟ. ಅಧ್ಯಾಪಕರ ನೇಮಕ, ಬಡ್ತಿಗೆ ಅಂಕ ಎಣಿಸುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲಿ ರಾಷ್ಟ್ರೀಯ ಪ್ರಕಾಶಕರಿಂದ ಬಂದ ಸ್ವಂತ ಪುಸ್ತಕಕ್ಕೆ 10 ಅಂಕ, ಅನುವಾದದ ಪುಸ್ತಕಕ್ಕೆ 8. ಕವಿತೆಗೆಂದು ಪ್ರತ್ಯೇಕ ಸಾಲೇ ಇಲ್ಲ. ಅಷ್ಟು ಹೊತ್ತಿಗೆ ಸರ್ ನಿವೃತ್ತರಾಗಿದ್ದರು, ಬಚಾವಾದರು.

ತಾರೀಖಿಲ್ಲದ ಕರಡುಗಳಿಗೆ ವರ್ಷ ಕಟ್ಟಲು ನೆರವಾದವರು ಸರ್ ಅವರ ವಿಭಾಗದ ನಿವೃತ್ತ ಕ್ಲಾರ್ಕ್, ನಮಗೆಲ್ಲ ಕಾಕಾ. ಸರ್ ಹೊಸ ಕಾಗದ ಹಾಳುಮಾಡುವವರಲ್ಲ. ಸೈಕ್ಲೋಸ್ಟೈಲ್ ಮಾಡಿದ ಮೀಟಿಂಗ್ ನೋಟಿಸುಗಳ ಬೆನ್ನಿಗೇ ಅನುವಾದ ನಡೆಯುತ್ತಿತ್ತು. ನೋಟಿಸಿನ ತಾರೀಖಿಗಿಂತ ಹಿಂದೆ ಕರಡು ಹುಟ್ಟಿರಲಾರದು, ಇದೊಂದು ಗಟ್ಟಿ ಗೆರೆ. ತಾರೀಖು ಹರಿದುಹೋದ ನೋಟಿಸುಗಳನ್ನು ಕಾಕಾ ಸಹಿ ನೋಡಿಯೇ, ಆಗ ಯಾರು ಮುಖ್ಯಸ್ಥರು, ಯಾವ ಸಿಲೆಬಸ್ ಎಂದು ಹೇಳಿಬಿಟ್ಟರು. ಮಿಕ್ಕವಕ್ಕೆ ಕಾಗದವೇ ಸಾಕ್ಷಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಧಾರವಾಡದ ವಿಳಾಸದ ಕೆಳಗೆ 'ಮೈಸೂರು ರಾಜ್ಯ' ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರಿಗೆ ಮುಂಚಿನದು, ಲೆಟರ್‌ಹೆಡ್ಡಿನಲ್ಲಿ 'ಬಾಂಬೆ ವಿಶ್ವವಿದ್ಯಾಲಯ' ಇದ್ದರೆ ಅಚ್ಚಾದದ್ದು 1996ಕ್ಕೆ ಮೊದಲು. ಕೊನೆಯದರಲ್ಲಿ ಸ್ವಲ್ಪ ಎಚ್ಚರ ಬೇಕು. ಹಳೆ ಲೆಟರ್‌ಹೆಡ್ ಮುಗಿಯುವವರೆಗೆ ಬಳಸುವುದು ನಮ್ಮ ಆಫೀಸುಗಳ ಧರ್ಮ, ಹಾಗಾಗಿ ಅದು ಅಚ್ಚಿನ ಕಾಲ ಹೇಳುತ್ತದೆ, ಬರೆದ ಕಾಲವನ್ನಲ್ಲ.

ಶಾಯಿಯ ಬಣ್ಣವೂ ಮಾತಾಡಿತು. ಮೊದಲ ಕರಡು ನೀಲಿಯಲ್ಲಿ. ಕೆಂಪಿನ ತಿದ್ದುಪಡಿಗಳು ಪರೀಕ್ಷೆಯ ಪೇಪರ್ ತಿದ್ದುವ ತಿಂಗಳುಗಳವು, ಕೈಗೆ ಸಿಕ್ಕ ಪೆನ್ನು ಅದೇ. ಪೆನ್ಸಿಲಿನವು ರೈಲಿನಲ್ಲಿ. ಬೋರಿವಲಿಯಲ್ಲೇ ಹೊರಡುವ ಸ್ಲೋ ಲೋಕಲ್ಲಿನಲ್ಲಿ ಕಿಟಕಿ ಸೀಟು ಹಿಡಿದರೆ ಸಾಂತಾಕ್ರೂಜ್‌ವರೆಗೆ ಬರೆಯಬಹುದು. ಅಕ್ಷರ ಎರಡು ಮೂರು ಸಾಲು ನಡುಗುತ್ತದೆ, ಆಮೇಲೆ ಅರ್ಧ ಸಾಲು ದುಂಡಗೆ, ಮತ್ತೆ ನಡುಕ. ದುಂಡಗಿರುವ ಕಡೆ ಸ್ಟೇಷನ್ನು. ಅನುವಾದದ ಕರಡಿನಲ್ಲಿ ಒಂದು ಸಾಲಿಗೆ ನಾಲ್ಕೈದು ಬೇರೆ ಬೇರೆ ರೂಪಗಳಿದ್ದು, ಕೊನೆಗೆ ಉಳಿದದ್ದು ಹಲವು ಸಲ ಈ ದುಂಡಗಿನ ಅರ್ಧ ಸಾಲು.

ಕಂಪ್ಯೂಟರ್ ಕೆಲಸ ಪೂರ್ತಿ ಐರೋಲಿಯ ಇಬ್ಬರು ಇಂಜಿನಿಯರ್ ಹುಡುಗಿಯರದು. ಕೈಬರಹ 400 ಡಿಪಿಐ (ಇಂಚಿಗೆ 400 ಚುಕ್ಕಿ) ಬಣ್ಣದಲ್ಲಿ, ಮಾಸಿದ ಕಾರ್ಬನ್ 600ರಲ್ಲಿ, ಎರಡೂ ಟಿಫ್ ಫೈಲಾಗಿ. ಓದಲಿಕ್ಕೆ ಬೇರೆ ಪಿಡಿಎಫ್. ಹಾಳೆಯ ಬೆನ್ನು ಖಾಲಿ ಇದ್ದರೂ ಸ್ಕ್ಯಾನ್ ಮಾಡಬೇಕು, ಇಲ್ಲವಾದರೆ ಖಾಲಿಯೋ ಬಿಟ್ಟುಹೋಯಿತೋ ಎಂದು ಮುಂದೆ ಜಗಳ. ಥರ್ಮಲ್ ಫ್ಯಾಕ್ಸುಗಳು ಎಲ್ಲಕ್ಕಿಂತ ಮೊದಲು, ಅವು ನೀರಿಲ್ಲದೆಯೂ ಅಳಿಸಿಹೋಗುತ್ತವೆ. ಮೂರೂವರೆ ಇಂಚಿನ ಫ್ಲಾಪಿಗಳಿಗೆ ಯುಎಸ್‌ಬಿ ಡ್ರೈವ್ ಸಿಗುತ್ತದೆ, ಐದೂಕಾಲು ಇಂಚಿನವಕ್ಕೆ ಹಾಗೆ ಸುಲಭವಿಲ್ಲ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ತುರುಕಿದರೆ ಡ್ರೈವಿನ ಹೆಡ್ ಕೆಟ್ಟು, ಮುಂದೆ ಹಾಕಿದ ಒಳ್ಳೆಯ ಫ್ಲಾಪಿಯೂ ಹಾಳು. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಂದಾಗ ಅರ್ಕಾವತ್ತು ಜಾಗ ತಪ್ಪಿ 'ಕನಾರ್ಟಕ', 'ಧಮರ್' ಆಗುವುದು ಎಲ್ಲರಿಗೂ ಗೊತ್ತಿರುವ ಪಾಡು. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು, ಅದಕ್ಕೆ. ಹುಡುಗಿಯರು ಸ್ಕ್ರಿಪ್ಟ್ ಬರೆದು ಬಹುಪಾಲು ಸರಿಮಾಡಿದರು. ಆದರೂ ಕವಿತೆಗಳನ್ನು ಕಣ್ಣಿಟ್ಟು ಓದಿಯೇ ತಿದ್ದಬೇಕಾಯಿತು, ಯಾಕೆಂದರೆ ಕವಿ ಬೇಕೆಂದೇ ಮುರಿದ ಪದ ಯಾವುದು, ಫಾಂಟು ಮುರಿದದ್ದು ಯಾವುದು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು! ಮೂರು ಪ್ರತಿಗಳಲ್ಲಿ ಒಂದು ಧಾರವಾಡದಲ್ಲಿ ಇದೆ. ಇಲ್ಲಿಯ ಮಳೆ ಅಲ್ಲಿಗೆ ತಲುಪದು.

ಪತ್ರಗಳ ವಿಷಯದಲ್ಲಿ ದಾರಿ ತೋರಿದ ವಕೀಲರು ಫೀ ತೆಗೆದುಕೊಳ್ಳಲಿಲ್ಲ. ಕಾಗದ ಪಡೆದವರದು, ಬರೆದ ಮಾತಿನ ಹಕ್ಕು ಬರೆದವರದು. ಅವರು ತೀರಿಕೊಂಡ ಮೇಲೂ 60 ವರ್ಷ ಅದು ವಾರಸುದಾರರಲ್ಲಿ ಇರುತ್ತದೆ. ಆದ್ದರಿಂದ ಸರ್ ಅವರಿಗೆ ಬಂದ ಪತ್ರಗಳು ಪಟ್ಟಿಯಲ್ಲಿವೆ, ಒಪ್ಪಿಗೆ ಸಿಗುವವರೆಗೆ ಅವುಗಳ ಒಡಲು ಯಾರಿಗೂ ತೋರಿಸುವುದಿಲ್ಲ. ಕುತೂಹಲದಿಂದ ಕೇಳಿದ ಮಿತ್ರರು ಬೇಸರ ಮಾಡಿಕೊಳ್ಳದೆ ಇದ್ದುದಕ್ಕೂ ವಂದನೆ.

ಸರ್ ಅವರಿಗೆ ಬೇರೆಯಾಗಿ ಹೇಳುವುದೇನು? ತಮ್ಮದೇ ಅಕ್ಷರ ತಮಗೇ ಓದಲಾಗದಾಗ 'ಇದು ನನ್ನದಲ್ಲ, ಯಾವನೋ ಹುಡುಗನ ಅಸೈನ್‌ಮೆಂಟು' ಎಂದು ತಳ್ಳಿಹಾಕುತ್ತಿದ್ದರು. ಅವುಗಳಲ್ಲಿ ಕೆಲವು ನಿಜಕ್ಕೂ ಅಸೈನ್‌ಮೆಂಟುಗಳೇ. ಅವನ್ನೂ ಬಿಸಾಡದೆ ಬೇರೆ ಕಟ್ಟು ಮಾಡಿದ್ದೇವೆ.

ಒಂದು ಕೆಲಸ ಬಾಕಿ. ಸರ್ ಬರೆದ ಪತ್ರಗಳು ಅವರ ಮನೆಯಲ್ಲಿಲ್ಲ, ನಿಮ್ಮ ಮನೆಗಳಲ್ಲಿವೆ. ಇನ್‌ಲ್ಯಾಂಡ್, ಪೋಸ್ಟ್‌ಕಾರ್ಡ್ ಏನೇ ಇದ್ದರೂ ಎರಡೂ ಮಗ್ಗುಲಿನ ಫೋಟೋ ಬೇಕು, ಅಂಚೆಮುದ್ರೆ ಕಾಣುವ ಹಾಗೆ ವಿಳಾಸದ ಕಡೆಯದೂ. ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ ತೆಗೆಯಿರಿ. ಮಡಿಕೆ ಗಟ್ಟಿಯಾಗಿದ್ದರೆ ಬಲವಂತ ಮಾಡಬೇಡಿ, ಕಾಣುವಷ್ಟೇ ಸಾಕು. ನುಸಿಗುಳಿಗೆ ಹಾಕಿಟ್ಟಿದ್ದರೆ ಹೊರಗೆ ತೆಗೆದುಬಿಡಿ. ಮೂಲ ಪತ್ರ ನಿಮ್ಮ ಹತ್ತಿರವೇ ಇರಲಿ.