ಹತ್ತು ಸೆಂಟ್ ಎಲ್ಲಿಂದ ಬರುತ್ತದೆ?

ಮಾನ್ಯ ಸಂಪಾದಕರೇ,

ಕೆನಡಾದಲ್ಲಿ ನಿವೃತ್ತಿಯ ಹೊಸ್ತಿಲಲ್ಲಿರುವ ಕನ್ನಡಿಗರು ‘ಸ್ಪ್ಲಿಟ್ ಷೇರು’ಗಳ ಬಗ್ಗೆ ವಿಚಾರಿಸುವುದುಂಟು. ವರ್ಷಕ್ಕೆ ಶೇ 15ರ ಆಚೀಚೆ ಆದಾಯ, ಅದೂ ತಿಂಗಳು ತಿಂಗಳು ಖಾತೆಗೆ ಎಂದರೆ ಯಾರಿಗಾದರೂ ಪಿಂಚಣಿ ಎಂದೇ ಅನಿಸುತ್ತದೆ. ಆದರೆ ಈ ದುಡ್ಡು ಹುಟ್ಟುವ ಬಗೆ ತಿಳಿಯದೆ ಇಡುಗಂಟು ಸುರಿಯಬಾರದು.

ಟೊರಾಂಟೊ ಷೇರುಪೇಟೆಯಲ್ಲಿರುವ, 2004ರಲ್ಲಿ ಶುರುವಾದ ಡಿವಿಡೆಂಡ್ 15 ಸ್ಪ್ಲಿಟ್ ಕಾರ್ಪ್ ಅನ್ನೇ ನೋಡಿ. ಮುಖ್ಯವಾಗಿ 15 ಕೆನಡಾ ಕಂಪನಿಗಳ ಷೇರುಗಳು ಅದರ ಬುಟ್ಟಿಯಲ್ಲಿವೆ. ಬುಟ್ಟಿಯ ಒಂದೊಂದು ಯೂನಿಟ್ಟೂ ಎರಡು ಪಾಲು. ಮೊದಲ 10 ಡಾಲರ್ ಮತ್ತು ಗೊತ್ತುಪಡಿಸಿದ ಲಾಭಾಂಶ ಪ್ರಿಫರ್ಡ್ ಷೇರಿಗೆ. ಉಳಿದದ್ದು, ಏರಿದರೂ ಇಳಿದರೂ, ಕ್ಲಾಸ್ ಎ ಷೇರಿಗೆ. ಅದರ ತಿಂಗಳ ಹಂಚಿಕೆ 10 ಸೆಂಟ್. ಯೂನಿಟ್ಟಿನ ಎನ್‌ಎವಿ (ಬುಟ್ಟಿಯಲ್ಲಿ ಅದರ ಪಾಲಿನ ನಿವ್ವಳ ಮೌಲ್ಯ) 15 ಡಾಲರಿಗಿಂತ ಕೆಳಗಿಳಿದರೆ ಆ 10 ಸೆಂಟ್ ಬಂದ್. ಇದೇ ಬಗೆಯ ಬೇರೆ ಹಲವು ಕಂಪನಿಗಳಲ್ಲೂ ಗೆರೆ 15 ಡಾಲರೇ.

ಲೆಕ್ಕಕ್ಕೆಂದು ಎನ್‌ಎವಿ 17 ಡಾಲರ್ ಇದೆ ಎನ್ನೋಣ. ಪ್ರಿಫರ್ಡ್‌ನ 10 ಕಳೆದರೆ ಕ್ಲಾಸ್ ಎ ಪಾಲಿಗೆ 7 ಡಾಲರ್. ಆ ಷೇರು ಪೇಟೆಯಲ್ಲಿ 7.70ಕ್ಕೆ ಮಾರುತ್ತಿದ್ದರೆ, ವರ್ಷದ 1.20 ಡಾಲರ್ ಶೇ 15.6 ಆಗುತ್ತದೆ. ಜಾಹೀರಾತಿನ ಅಂಕಿ ಹುಟ್ಟುವುದು ಹೀಗೆ. ಈಗ ಕೊಡುವವರ ಕಡೆಯಿಂದ ನೋಡಿ. ಪ್ರಿಫರ್ಡ್‌ಗೆ ಶೇ 7ರಂತೆ 70 ಸೆಂಟ್ ಸೇರಿಸಿದರೆ ಯೂನಿಟ್ಟಿನಿಂದ ವರ್ಷಕ್ಕೆ 1.90 ಡಾಲರ್ ಹೊರಗೆ ಹೋಗಬೇಕು, ನಿರ್ವಹಣಾ ಶುಲ್ಕ ಬೇರೆ. ಬುಟ್ಟಿಯ ಷೇರುಗಳು ಶೇ 4 ಲಾಭಾಂಶ ಕೊಟ್ಟರೂ ಒಳಗೆ ಬರುವುದು 68 ಸೆಂಟ್. ಕೊರತೆ 1.22 ಡಾಲರ್, ಅಂದರೆ 17ರ ಶೇ 7ಕ್ಕೂ ಮಿಗಿಲು. ಅಷ್ಟನ್ನು ಷೇರುಗಳ ಬೆಲೆ ಏರಿಕೆ ಮತ್ತು ಆಪ್ಷನ್ (ಗೊತ್ತಾದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಮಾರಾಟದ ಹಣ ಪ್ರತಿವರ್ಷ ತುಂಬಬೇಕು. ತುಂಬದ ವರ್ಷ ನಿಮ್ಮ ಅಸಲೇ ನಿಮಗೆ ಬಡ್ಡಿಯ ವೇಷದಲ್ಲಿ ಬರುತ್ತದೆ.

ಬುಟ್ಟಿ ಶೇ 12 ಕುಸಿಯಿತು ಎನ್ನಿ. 17 ಇದ್ದದ್ದು 14.96 ಆಯಿತು, ಗೆರೆ ದಾಟಿತು. ಪ್ರಿಫರ್ಡ್‌ನ 10 ಡಾಲರಿಗೆ ಏನೂ ಆಗಿಲ್ಲ. ಕ್ಲಾಸ್ ಎ ಮಾತ್ರ 7ರಿಂದ 4.96ಕ್ಕೆ, ಅಂದರೆ ಶೇ 29 ಇಳಿಯಿತು. ಜೊತೆಗೆ ಹಂಚಿಕೆಯೂ ನಿಂತಿತು. 10 ಸೆಂಟಿನ ಆಸೆಗೇ ಎನ್‌ಎವಿಯ ಪಾಲಿಗಿಂತ ಹೆಚ್ಚು ಕೊಟ್ಟು ಕೊಂಡವರು ಆಗ ಮಾರಲು ನುಗ್ಗುವುದರಿಂದ ಪೇಟೆ ಬೆಲೆ ಇನ್ನೂ ಕೆಳಗೆ ಹೋಗಬಹುದು. 2020ರ ಮಾರ್ಚ್ ಕುಸಿತದ ನಂತರ ಹಲವು ಸ್ಪ್ಲಿಟ್ ಕಂಪನಿಗಳು ಕ್ಲಾಸ್ ಎ ಹಂಚಿಕೆ ನಿಲ್ಲಿಸಿದ್ದವು. ಬಡ್ಡಿದರ ಏರುವಾಗಿನ ಪೆಟ್ಟು ಬೇರೆ ತರಹದ್ದು: ಬ್ಯಾಂಕ್ ಆಫ್ ಕೆನಡಾ 2022ರ ಮಾರ್ಚ್‌ನಿಂದ 2023ರ ಜುಲೈ ಒಳಗೆ ದರವನ್ನು ಶೇ 0.25ರಿಂದ 5ಕ್ಕೆ ಒಯ್ದಾಗ, ಪ್ರಿಫರ್ಡ್ ಲಾಭಾಂಶವನ್ನು ಪ್ರೈಮ್ ದರಕ್ಕೆ (ಬ್ಯಾಂಕುಗಳ ಮೂಲ ಸಾಲದರ) ಕಟ್ಟಿದ ಕಂಪನಿಗಳಲ್ಲಿ ಹೆಚ್ಚಿದ ಹೊರೆ ಬಿದ್ದದ್ದು ಕ್ಲಾಸ್ ಎ ಬೆನ್ನ ಮೇಲೆ.

ಇದನ್ನು ರಿಫ್‌ನಲ್ಲಿ (ಆರ್‌ಆರ್‌ಐಎಫ್, ಪ್ರತಿವರ್ಷ ಇಂತಿಷ್ಟು ತೆಗೆಯಲೇಬೇಕಾದ ನಿವೃತ್ತಿ ಖಾತೆ) ತುಂಬಿಟ್ಟರೆ ಇನ್ನೊಂದು ಇಕ್ಕಟ್ಟು. 72ರ ವಯಸ್ಸಿನಲ್ಲಿ ಖಾತೆಯ ಮೊತ್ತದ ಶೇ 5.40 ತೆಗೆಯಲೇಬೇಕು. ಹಂಚಿಕೆ ನಿಂತ ವರ್ಷ ಖಾತೆಯಲ್ಲಿ ನಗದು ಇರದಿದ್ದರೆ, ಬಿದ್ದ ಬೆಲೆಗೇ ಷೇರು ಮಾರಬೇಕಾಗುತ್ತದೆ. ಹಾಗಾಗಿ ಒಂದು ವರ್ಷದ ಹಿಂತೆಗೆತವನ್ನಾದರೂ ಜಿಐಸಿ (ನಿಶ್ಚಿತ ಠೇವಣಿ) ಅಥವಾ ನಗದಿನಲ್ಲಿಡಿ. ನಮ್ಮ ಅಂದಾಜಿನಲ್ಲಿ ಕ್ಲಾಸ್ ಎ ಇಡುಗಂಟಿನ ಶೇ 5 ದಾಟಬಾರದು. ಬಾಡಿಗೆ, ದಿನಸಿ, ಔಷಧಿಯ ಖರ್ಚು ಸಿಪಿಪಿ (ದುಡಿದಾಗ ಕಟ್ಟಿದ ವಂತಿಗೆಯ ಪಿಂಚಣಿ), ಓಎಎಸ್ (ಸರ್ಕಾರದ ವೃದ್ಧಾಪ್ಯ ಪಿಂಚಣಿ) ಮತ್ತು ಜಿಐಸಿಯಿಂದಲೇ ನಡೆಯಬೇಕು.

ಕೊಳ್ಳುವವರು ಶೇಕಡಾವಾರು ಆದಾಯ ಬಿಟ್ಟು ಕಂಪನಿ ಪ್ರಕಟಿಸುವ ಎನ್‌ಎವಿ ನೋಡಲಿ. ಅದು 15ಕ್ಕೆ ಹತ್ತಿರವಿದ್ದರೆ, ಅಥವಾ ಪೇಟೆ ಬೆಲೆ ಕ್ಲಾಸ್ ಎ ಪಾಲಿಗಿಂತ ಮೇಲಿದ್ದರೆ ಕಾಯುವುದೇ ಲೇಸು. ಪ್ರಿಫರ್ಡ್ ತುಸು ವಾಸಿ. ಮೇಲಿನ ಉದಾಹರಣೆಯಲ್ಲಿ ಬುಟ್ಟಿ ಶೇ 41 ಬೀಳುವ ತನಕ ಅದರ 10 ಡಾಲರ್ ಭದ್ರ. ಆದರೂ ಅದಕ್ಕೆ ಬ್ಯಾಂಕ್ ಠೇವಣಿಯ ಸಿಡಿಐಸಿ ವಿಮೆ ಇಲ್ಲ. ಅವಧಿ ಮುಗಿದಾಗ ಕೈಗೆ ಸಿಗುವುದು 10 ಮಾತ್ರವಾದ್ದರಿಂದ 10.60 ಕೊಟ್ಟು ಕೊಂಡರೆ ಆ 60 ಸೆಂಟ್ ಹೋದಂತೆಯೇ.

ತೆರಿಗೆಯನ್ನೂ ನೋಡಬೇಕು. ಮಾಮೂಲು ಖಾತೆಯಲ್ಲಿ 10,000 ಡಾಲರ್ ಎಲಿಜಿಬಲ್ ಲಾಭಾಂಶ (ತೆರಿಗೆ ರಿಯಾಯಿತಿ ಇರುವ ಕೆನಡಾ ಲಾಭಾಂಶ) ಬಂದರೆ, ತೆರಿಗೆ ನಿಯಮದಂತೆ ಶೇ 38 ಹಿಗ್ಗಿ ನಿವ್ವಳ ಆದಾಯದಲ್ಲಿ ಅದು 13,800 ಎಂದು ಸೇರುತ್ತದೆ. 2025ರಲ್ಲಿ ಆ ನಿವ್ವಳ ಆದಾಯ 93,454 ಡಾಲರ್ ಮೀರಿದ ಭಾಗಕ್ಕೆ ಶೇ 15ರಂತೆ ಓಎಎಸ್ ವಾಪಸ್ ಕಟ್ಟಬೇಕಿತ್ತು. ಜಿಐಎಸ್ (ಕಡಿಮೆ ಆದಾಯದ ಹಿರಿಯರಿಗೆ ಸರ್ಕಾರ ಕೊಡುವ ನೆರವು) ಪಡೆಯುವವರಿಗೆ ಈ ಹಿಗ್ಗಿದ ಅಂಕಿಯೇ ಹೆಚ್ಚು ತೊಂದರೆ. ಟಿಎಫ್‌ಎಸ್‌ಎಯಲ್ಲಿ (ತೆರಿಗೆರಹಿತ ಉಳಿತಾಯ ಖಾತೆ) ಇದಾವುದೂ ಇಲ್ಲ. ಊರಿಗೆ ಮರಳಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೆಲೆಸುವ ಯೋಚನೆ ಇರುವವರು ಮುಂಚೆಯೇ ತಿಳಿದಿರಲಿ: ಅನಿವಾಸಿಯಾದ ಮೇಲೆ ಕೆನಡಾ ಲಾಭಾಂಶದಲ್ಲಿ ಶೇ 25 ಅಲ್ಲೇ ಮುರಿದುಕೊಳ್ಳುತ್ತಾರೆ. ಬಿಡಿ ಹೂಡಿಕೆದಾರರಿಗೆ ಭಾರತದ ಜೊತೆಗಿನ ಒಪ್ಪಂದದಲ್ಲೂ ಅದೇ ಶೇ 25.

ಇತಿ,
ಓದುಗರು, ಮಿಸಿಸಾಗ, ಕೆನಡಾ